ಬ್ಯಾಕ್‌ರೆಸ್ಟೂ ನನ್ನ ಬಲಭುಜವೂ

ನಾನು ಸಾದಾ ಮನುಷ್ಯ. ವಿನಯಕ್ಕೆ ಈ ಮಾತು ಹೇಳುತ್ತಿಲ್ಲ, ಇದು ನನ್ನ ಅಭ್ಯಾಸ. ಮಸಾಲೆ ದೋಸೆ ತಿನ್ನಲೇಬೇಕೆಂದು ಮನೆಯಲ್ಲೇ ನಿಶ್ಚಯ ಮಾಡಿಕೊಂಡು ಹೋಟೆಲಿಗೆ ಹೋಗಿರುತ್ತೇನೆ. ಸಪ್ಲೈಯರ್ ಬಂದು ‘ಏನ್ ಕೊಡ್ಲಿ ಸಾರ್’ ಎಂದ ಕೂಡಲೇ ಬಾಯಿಂದ ‘ಸಾದಾ’ ಎಂದೇ ಬರುತ್ತದೆ. ಇದು ಅಪ್ಪನಿಂದ ಬಂದ ಆಸ್ತಿ. ಶಿವಮೊಗ್ಗದ ದುರ್ಗಿಗುಡಿಯ ಬಾಡಿಗೆ ಮನೆಯಲ್ಲಿದ್ದಾಗ ಅಪ್ಪ ಅಪರೂಪಕ್ಕೊಮ್ಮೆ ನಮ್ಮನ್ನೆಲ್ಲ ಹೋಟೆಲಿಗೆ ಕರೆದುಕೊಂಡು ಹೋಗುತ್ತಿದ್ದರು. ನಾವು ಗೋಡೆಯ ಬೋರ್ಡು ಓದಿ ಮುಗಿಸುವ ಮೊದಲೇ ‘ಎಲ್ರಿಗೂ ಸಾದಾ’ ಎಂದುಬಿಡುತ್ತಿದ್ದರು. ಮುಂದೆ ನಾನು ದೊಡ್ಡವನಾಗಿ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾದ ಮೇಲೂ ಸಾದಾ ಕಟಿಂಗ್, ಸಾದಾ ಪ್ಯಾಂಟು, ಸಾದಾ ಫೋನು ಹೀಗೆಯೇ ನಡೆದುಕೊಂಡು ಬಂತು. ಮದುವೆಯಲ್ಲಿ ಫೋಟೋದವನು ಆಲ್ಬಂ ಯಾವುದು ಎಂದು ಕೇಳಿದಾಗಲೂ ನನ್ನ ಉತ್ತರ ಅದೇ ಆಗಿತ್ತು. ಹೆಂಡತಿ ವನಜಾ ಅದನ್ನು ಇವತ್ತಿಗೂ ಮರೆತಿಲ್ಲ. ‘ನಮ್ಮಪ್ಪ ಅಷ್ಟೆಲ್ಲ ಊರು ಸುತ್ತಿ ಗಂಡು ಹುಡುಕಿದ್ರು. ಕೊನೆಗೆ ಮನೆಗೆ ತಂದಿದ್ದು ಮಾತ್ರ ಸಾದಾ’ ಎನ್ನುತ್ತಾಳೆ.

ಇಂಥ ನನಗೆ ನಿವೃತ್ತಿ ಹತ್ತಿರ ಬಂದಾಗ ಕ್ರೂಸರ್ ಬೈಕಿನ ಹುಚ್ಚು ಹಿಡಿಯಿತು. ಆಲ್ಕೊಳ ಸರ್ಕಲ್ಲಿನಲ್ಲಿ ಒಂದು ಸಂಜೆ ಸ್ಕೂಟರಿನ ಮೇಲೆ ಕಾಯುತ್ತಿದ್ದಾಗ ಪಕ್ಕಕ್ಕೆ ಅಂಥದೊಂದು ಬಂದು ನಿಂತಿತು. ಆರಾಮಕುರ್ಚಿಗೆ ಎರಡು ಚಕ್ರ ಹಾಕಿದ ಹಾಗೆ ತಗ್ಗಾದ ಸೀಟು, ಅಗಲವಾದ ಹ್ಯಾಂಡಲ್. ಕಾಲು ಮುಂದಕ್ಕೆ ಚಾಚಿ ಕೂತವನು ನನಗಿಂತ ವಯಸ್ಸಾದವನು, ನನಗಿಂತ ಹೊಟ್ಟೆ ಬಂದವನು. ಎಂಜಿನ್ನು ಗುಡುಗುಡು ಎಂದು ನಿಧಾನಕ್ಕೆ ಆಡುತ್ತಿತ್ತು. ಆ ಸದ್ದು ಕೇಳಿದ್ದೇ ತಡ, ನನ್ನ ಬಲಭುಜ ಬೆಚ್ಚಗಾಯಿತು. ಸದ್ದು ಕೇಳಿದರೆ ಕಿವಿಗೆ ಏನಾದರೂ ಆಗಬೇಕು, ಭುಜಕ್ಕೇಕೆ ಆಯಿತು ಎಂದು ನೀವು ಕೇಳಬಹುದು. ಅದನ್ನು ಹೇಳಬೇಕಾದರೆ ನಾನು ನಿಮ್ಮನ್ನು ಒಂದಿಷ್ಟು ಹಿಂದಕ್ಕೆ, ಭದ್ರಾವತಿಗೆ ಕರೆದುಕೊಂಡು ಹೋಗಬೇಕು.

ವನಜಾಳ ತವರು ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆಯ ಕ್ವಾರ್ಟರ್ಸು. ನನ್ನ ಮಾವನವರು ಕಾರ್ಖಾನೆಯ ಸೈರನ್ನಿಗೆ ಏಳುವವರು, ಸೈರನ್ನಿಗೆ ಉಣ್ಣುವವರು. ನಿಶ್ಚಿತಾರ್ಥವಾದ ಮೇಲೆ ಭಾನುವಾರ ಬಂತೆಂದರೆ ನಾನು ಡ್ರಿಲ್ ಮೇಷ್ಟ್ರಿಂದ ಕೊಂಡಿದ್ದ ಹಳೆಯ ಬೈಕನ್ನು ಒದ್ದು ಎಬ್ಬಿಸಿ ಶಿವಮೊಗ್ಗದಿಂದ ಹೊರಡುತ್ತಿದ್ದೆ. ಆ ಬೈಕಿನ ಸದ್ದು ನನಗಿಂತ ಎರಡು ಬೀದಿ ಮುಂಚೆಯೇ ಅಲ್ಲಿಗೆ ಹೋಗಿ ಮುಟ್ಟುತ್ತಿತ್ತು. ಪಕ್ಕದ ಮನೆಯ ತಮಿಳು ಅಜ್ಜಿ ಬಾಗಿಲಿಗೆ ಬಂದು ‘ಮಾಪಿಳ್ಳೆ ವಂದಾಚ್ಚು’ ಎಂದು, ಅಳಿಯ ಬಂದ ಸುದ್ದಿಯನ್ನು ಇಡೀ ಸಾಲಿಗೆ ಸಾರುತ್ತಿದ್ದರು. ಕಾಫಿ ಆದ ಮೇಲೆ ಮಾವನವರು ಗಂಟಲು ಸರಿಮಾಡಿಕೊಂಡು, ‘ಸೇತುವೆ ತನಕ ಹೋಗಿ ಬನ್ನಿ’ ಎಂದು ಅಪ್ಪಣೆ ಕೊಡುತ್ತಿದ್ದರು. ಸೇತುವೆ ತನಕ ಎಂದರೆ ಸೇತುವೆ ತನಕ. ನಾವು ಹೊರಟ ಮೇಲೆ ಬೀದಿ ಕೊನೆಯ ಮೋರಿಕಟ್ಟೆಯ ಹತ್ತಿರ ಬಂದು, ವಾಚು ನೋಡಿಕೊಳ್ಳುತ್ತಾ ನಿಂತಿರುತ್ತಿದ್ದರು.

ಮೊದಲ ದಿನ ವನಜಾ ಸೀರೆಯುಟ್ಟು, ಒಂದೇ ಕಡೆ ಕಾಲು ಹಾಕಿ, ನನಗೂ ಅವಳಿಗೂ ನಡುವೆ ಮತ್ತೊಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತಿದ್ದಳು. ಹಿಂದಿನ ಸೀಟಿನ ಕಂಬಿ ಹಿಡಿದುಕೊಂಡಿದ್ದಳು. ಸೇತುವೆ ಇನ್ನೇನು ಬಂತು ಎನ್ನುವಾಗ ಒಂದು ಎಮ್ಮೆ ಅಡ್ಡ ಬಂತು. ನಾನು ಬ್ರೇಕು ಹಾಕಿದೆ. ವನಜಾ ಮುಂದಕ್ಕೆ ಜಾರಿದಳು, ಅವಳ ಕೈ ನನ್ನ ಬಲಭುಜದ ಮೇಲೆ ಬಂತು. ಇದು ಜಡತ್ವದ ನಿಯಮ. ನಾನೇ ಮಕ್ಕಳಿಗೆ ಬೋರ್ಡಿನ ಮೇಲೆ ಬಸ್ಸಿನ ಚಿತ್ರ ಬರೆದು ಪಾಠ ಮಾಡಿದ್ದು. ಆದರೆ ಎಮ್ಮೆ ದಾಟಿ ಹೋದ ಮೇಲೂ ಆ ಕೈ ಅಲ್ಲೇ ಇತ್ತು. ಅದಕ್ಕೆ ಯಾವ ಪಾಠದಲ್ಲೂ ನಿಯಮವಿಲ್ಲ. ಎಮ್ಮೆಗಳ ಬಗ್ಗೆ ನನಗೆ ಅಂದಿನಿಂದ ಒಂದು ಗೌರವ.

ಮದುವೆಯಾದ ಮೇಲೆ ಆ ಕೈಗೆ ಒಂದು ಭಾಷೆಯೇ ಬಂದುಬಿಟ್ಟಿತು. ಬೈಕಿನ ಸದ್ದಿನಲ್ಲಿ ಮಾತು ಕೇಳುತ್ತಿರಲಿಲ್ಲವಲ್ಲ. ಒಂದು ಸಲ ಒತ್ತಿದರೆ ನಿಧಾನ. ಎರಡು ಸಲ ಒತ್ತಿದರೆ ನಿಲ್ಲಿಸಿ, ಮಲ್ಲಿಗೆ ಹೂವು ಬಂತು. ಉಗುರು ಊರಿದರೆ, ನಿಮಗೆ ಗಾಡಿ ಬಿಡಲು ಕಲಿಸಿದ ಪುಣ್ಯಾತ್ಮ ಯಾರು ಎಂದು ಅರ್ಥ. ಎಷ್ಟೋ ವರ್ಷ ನಾವು ಹೀಗೇ ಮಾತಾಡಿಕೊಂಡು ಓಡಾಡಿದೆವು. ಆಮೇಲೆ ಬೈಕು ಗುಜರಿಗೆ ಹೋಯಿತು. ವನಜಾ ಸ್ಕೂಟರ್ ಕಲಿತಳು. ಸಣ್ಣದೊಂದು ಕಾರು ಬಂತು, ಅದರಲ್ಲಿ ಇಬ್ಬರೂ ಬೆಲ್ಟು ಬಿಗಿದುಕೊಂಡು ಅಕ್ಕಪಕ್ಕ ಕೂತೆವು. ಬೇಕಾದ ಮಾತೆಲ್ಲ ಬಾಯಲ್ಲೇ ಆಯಿತು, ಬೇಡದ ಮಾತೂ ಆಯಿತು. ಒಟ್ಟಿನಲ್ಲಿ ನನಗಿಂತ ಮೊದಲೇ ನನ್ನ ಬಲಭುಜ ನಿವೃತ್ತವಾಯಿತು.

ಕ್ರೂಸರ್ ಬೈಕಿನ ಆಸೆ ಹೇಳಿದಾಗ ವನಜಾ ಬಯ್ಯುತ್ತಾಳೆಂದು ತಯಾರಾಗಿಯೇ ಇದ್ದೆ. ಅವಳು ಹುರಳಿಕಾಯಿ ಮುರಿಯುತ್ತಾ, ‘ತಗೊಳ್ಳಿ. ಆದ್ರೆ ನಂಗೆ ಸೊಂಟನೋವು ಇದೆ, ಹಿಂದೆ ಕೂರೋಕೆ ಸರಿಯಾಗಿರ್ಬೇಕು. ನಾನೇ ಬಂದು ನೋಡ್ತೀನಿ’ ಎಂದಳು. ಭಾನುವಾರ ಬೆಳಿಗ್ಗೆ ಇಬ್ಬರೂ ಶೋರೂಮಿಗೆ ಹೋದೆವು. ಅಲ್ಲಿದ್ದ ಹುಡುಗಿ ನಮ್ಮನ್ನು ನೋಡಿ, ‘ಮಗನಿಗಾ ಅಂಕಲ್?’ ಎಂದಳು. ನನಗೇ ಎಂದೆ. ಅವಳು ಪಾಪ, ನಗು ತಡೆದುಕೊಂಡು ಎರಡು ಬೈಕಿನ ಮುಂದೆ ನಿಲ್ಲಿಸಿದಳು. ಒಂದು ಬೇಸ್ ಮಾಡೆಲ್, ಇನ್ನೊಂದು ಟಾಪ್ ಎಂಡ್. ಬೇಸ್ ಮಾಡೆಲ್ಲಿಗೆ ಕಡ್ಡಿಯ ಚಕ್ರ, ಒಂದೇ ಬಣ್ಣ, ಉಳಿದದ್ದೆಲ್ಲ ದೇವರ ದಯೆ. ಟಾಪ್ ಎಂಡಿಗೆ ಅಲಾಯ್ ವೀಲು, ಮುಂದೆ ಗಾಳಿ ತಡೆಯುವ ಗಾಜು, ಫೋನಿಗೆ ಕೂಡಿಸಿದರೆ ದಾರಿ ತೋರಿಸುವ ಪುಟ್ಟ ಡಯಲ್ಲು, ಹಿಂದಿನ ಸೀಟಿಗೆ ಮೆತ್ತನೆಯ ಬ್ಯಾಕ್‌ರೆಸ್ಟು. ‘ಎಂಜಿನ್ ಎರಡ್ರದ್ದೂ ಸೇಮ್ ಅಂಕಲ್, ಫೀಲ್ ಬೇರೆ’ ಎಂದಳು.

ನನ್ನ ಕಣ್ಣು ಉಳಿದ ಯಾವುದರ ಮೇಲೂ ಹೋಗಲಿಲ್ಲ. ಆ ಬ್ಯಾಕ್‌ರೆಸ್ಟಿನ ಮೇಲೆ ಹೋಗಿ ನಿಂತಿತು. ಬೆನ್ನಿಗೆ ಒರಗು ಸಿಕ್ಕ ಮೇಲೆ ಹೆಂಡತಿ ಗಂಡನ ಭುಜ ಯಾಕೆ ಹಿಡಿಯುತ್ತಾಳೆ? ಆ ಕ್ಷಣಕ್ಕೆ ನನಗೆ ಬೇಕಾದ್ದು ಬೇಸ್ ಮಾಡೆಲ್ ಎಂದು ಗೊತ್ತಾಯಿತು. ಆದರೆ ಕಾರಣ ಹೇಳುವುದು ಹೇಗೆ? ಅರವತ್ತರ ಹತ್ತಿರ ಬಂದವನು ಶೋರೂಮಿನ ಹುಡುಗಿಯ ಎದುರು, ನನ್ನ ಹೆಂಡತಿ ನನ್ನನ್ನು ಹಿಡಿದುಕೊಳ್ಳಬೇಕು ಎಂದು ಹೇಳಲು ಆಗುತ್ತದೆಯೇ?

ಎರಡನ್ನೂ ಆಲ್ಕೊಳ ಸರ್ಕಲ್ಲಿನವರೆಗೆ ಓಡಿಸಿ ನೋಡುವುದೆಂದಾಯಿತು. ಮೊದಲು ಬೇಸ್. ಚೂಡಿದಾರದಲ್ಲಿದ್ದ ವನಜಾ ಎರಡೂ ಕಡೆ ಕಾಲು ಹಾಕಿ ಕೂತಳು. ಗಾಡಿ ಹೊರಟಿತು, ಕೈ ಬಂತು. ಅದೇ ಜಾಗಕ್ಕೆ ಬಂತು. ಸರ್ಕಲ್ಲು ಇನ್ನೂ ದೂರ ಇರಬಾರದಿತ್ತೇ ಎನಿಸಿತು. ಆಮೇಲೆ ಟಾಪ್ ಎಂಡ್. ಹೊರಟು ಅರ್ಧ ದಾರಿ ಹೋದರೂ ಹಿಂದೆ ಯಾರಾದರೂ ಇರುವ ಸುಳಿವೇ ಇಲ್ಲ. ಗಾಬರಿಯಾಗಿ ‘ಇದ್ದೀಯೇನೇ?’ ಎಂದು ತಿರುಗಿದೆ. ‘ಇದ್ದೀನಿ, ಮುಂದೆ ನೋಡಿ ಓಡ್ಸಿ ಮಾರಾಯ್ರೆ’ ಎಂಬ ಉತ್ತರ ಬಹಳ ದೂರದಿಂದ ಬಂತು. ಇಳಿದ ಮೇಲೆ ಅವಳು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟಳು: ‘ಇದೇ ಇರ್ಲಿ. ಸೋಫಾದಲ್ಲಿ ಕೂತಂಗಿದೆ.’

ನಾನು ಸುಲಭಕ್ಕೆ ಬಿಡಲಿಲ್ಲ. ಅಲಾಯ್ ವೀಲು ತೊಳೆಯುವುದು ಕಷ್ಟ ಎಂದೆ. ಗಾಜಿಗೆ ಹುಳ ಬಡಿಯುತ್ತದೆ ಎಂದೆ. ಭದ್ರಾವತಿಗೆ ಹೋಗಲು ನನಗೆ ದಾರಿ ತೋರಿಸುವ ಡಯಲ್ಲು ಬೇಕೇ ಎಂದೆ. ವನಜಾ ಆ ಹುಡುಗಿಯ ಕಡೆ ತಿರುಗಿ, ‘ಇವ್ರದ್ದು ಹಂಗೇ ಅಮ್ಮಾ, ಸಾದಾ ಬುದ್ಧಿ. ನೀನು ಇದನ್ನೇ ಬರ್ಕೊ’ ಎಂದಳು. ಇನ್ನೂ ಏನಾದರೂ ಹೇಳೋಣವೆಂದು ಬಾಯಿ ತೆರೆದಾಗ ಅವಳು ಕುರ್ಚಿಯಿಂದ ಏಳಲು ಮೇಜು ಹಿಡಿದು, ಮುಖ ಕಿವುಚಿದಳು. ಸೊಂಟನೋವು ಸುಳ್ಳಲ್ಲ. ನಾನು ಪೆನ್ನು ತೆಗೆದು ಸಹಿ ಹಾಕಿದೆ.

ಗಾಡಿ ಮನೆಗೆ ಬಂದ ಮೇಲೆ ಮೊದಲ ಭಾನುವಾರ ಭದ್ರಾವತಿಯಲ್ಲಿರುವ ಅವಳ ತಮ್ಮನ ಮನೆಗೆ ಹೊರಟೆವು. ವನಜಾ ಹಿಂದೆ ಒರಗಿ ಸುಖವಾಗಿದ್ದಳು. ಮುಂದೆ ನಾನು ಪಾರ್ಸೆಲ್ ತಲುಪಿಸುವವನ ಹಾಗೆ ಗಾಡಿ ಬಿಡುತ್ತಿದ್ದೆ. ಊರು ದಾಟಿದ ಮೇಲೆ ಸೋಗಾನೆಯ ವಿಮಾನ ನಿಲ್ದಾಣದ ಕಡೆ ಒಂದು ವಿಮಾನ ಇಳಿಯುತ್ತಿತ್ತು. ವಿಮಾನದಲ್ಲೂ ಬೇಸು, ಟಾಪು ಎಂದು ಸೀಟುಗಳಿರುತ್ತವಂತೆ, ಅಲ್ಲಿಯೂ ನನ್ನಂಥ ಗಂಡಂದಿರಿರಬಹುದು ಎಂದುಕೊಂಡು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಭುಜದ ಮೇಲೆ ಕೈ ಬಂತು. ಎಮ್ಮೆ ಅಡ್ಡ ಬಂದಿರಲಿಲ್ಲ, ನಾನು ಬ್ರೇಕೂ ಹಾಕಿರಲಿಲ್ಲ. ಕೈ ತಾನಾಗಿ ಬಂತು, ಬಂದು ಉಳಿಯಿತು. ಭದ್ರಾವತಿ ಮುಟ್ಟುವವರೆಗೂ ನಾನು ರಸ್ತೆಯ ಒಂದು ಹಾಳು ಹಂಪನ್ನೂ ಬಯ್ಯಲಿಲ್ಲ.

ಹಳೆಯ ಕ್ವಾರ್ಟರ್ಸಿನ ಬೀದಿ ಬಂದಾಗ ಎರಡು ಸಲ ಒತ್ತಿದಳು. ನಿಲ್ಲಿಸಿದೆ. ಡಯಲ್ಲು ಮಾತ್ರ ನೇರ ಹೋಗಿ, ನೇರ ಹೋಗಿ ಎಂದು ಬಾಣ ತೋರಿಸುತ್ತಲೇ ಇತ್ತು. ಮನೆಯ ಬಾಗಿಲಿಗೆ ಬೀಗ, ಅಂಗಳದಲ್ಲಿ ಆಳೆತ್ತರ ಗಿಡ. ಮೋರಿಕಟ್ಟೆ ಹಾಗೇ ಇತ್ತು. ವನಜಾ ಹೆಲ್ಮೆಟ್ ತೆಗೆದು ಅದನ್ನೇ ನೋಡುತ್ತಾ, ‘ಅಪ್ಪ ಇಲ್ಲೇ ನಿಂತಿರ್ತಿದ್ರು ಅಲ್ವಾ?’ ಎಂದಳು. ‘ವಾಚು ನೋಡ್ಕೊಂಡು’ ಎಂದೆ. ‘ವಾಚು ಕೆಟ್ಟು ಎಷ್ಟೋ ದಿನ ಆಗಿತ್ತು ಕಣ್ರೀ. ಸುಮ್ನೆ ನಿಮ್ಮನ್ನ ಹೆದ್ರಿಸೋಕೆ ಕಟ್ಕೊಂಡು ಬರ್ತಿದ್ರು’ ಎಂದು ನಕ್ಕಳು. ನಗುತ್ತಲೇ ಕಣ್ಣು ಒರೆಸಿಕೊಂಡಳು. ನನಗೂ ಮಾವನವರು ಬಹಳ ನೆನಪಾದರು. ಒಂದು ದಿನವಾದರೂ ಸೇತುವೆ ದಾಟಿ ಹೋಗಿ ಬರಬಹುದಿತ್ತು ಎಂದೂ ಅನಿಸಿತು.

ಅವತ್ತು ಮನೆಗೆ ಬಂದ ಮೇಲೆ ಕಾಫಿ ಕುಡಿಯುತ್ತಾ ನಾನು ಏನೋ ಮೃದುವಾದ ಮಾತು ಹುಡುಕುತ್ತಿದ್ದೆ. ಅಷ್ಟರಲ್ಲಿ ವನಜಾ ಹೇಳಿದಳು: ‘ಆ ಬ್ಯಾಕ್‌ರೆಸ್ಟು ಸ್ವಲ್ಪ ದೂರ ಹೋದ್ಮೇಲೆ ಸೊಂಟಕ್ಕೆ ಒತ್ತುತ್ತೆ ಕಣ್ರೀ. ಅದಕ್ಕೇ ಮುಂದಕ್ಕೆ ಬಗ್ಗಿ ನಿಮ್ ಭುಜ ಹಿಡ್ಕೊಂಡೆ. ಶೋರೂಮಲ್ಲಿ ಹೇಳಿ ಹಿಂದಕ್ಕೆ ಹಾಕ್ಸಿ.’ ನನ್ನ ಮೃದು ಮಾತು ಕಾಫಿಯ ಜೊತೆಗೇ ಒಳಗೆ ಹೋಯಿತು. ಆದರೆ ಆ ಕ್ಷಣದಿಂದ ಬ್ಯಾಕ್‌ರೆಸ್ಟಿನ ಮೇಲಿದ್ದ ನನ್ನ ಹಗೆಯೂ ಹೋಯಿತು. ದಿನಾ ಬೆಳಿಗ್ಗೆ ಗಾಡಿ ಒರೆಸುವಾಗ ಅದನ್ನು ವಿಶೇಷವಾಗಿ ಒರೆಸತೊಡಗಿದೆ. ಶೋರೂಮಿಗೆ ಹೋಗುವ ಮಾತು ಬಂದಾಗ ಒಂದು ವಾರ ಪೇಪರ್ ತಿದ್ದುವುದಿದೆ ಎಂದೆ, ಇನ್ನೊಂದು ವಾರ ಅಮಾವಾಸ್ಯೆ ಎಂದೆ. ಭಾನುವಾರಗಳು ಬರುತ್ತಿದ್ದವು, ಕೈ ಬರುತ್ತಿತ್ತು.

ಒಂದು ಬೆಳಿಗ್ಗೆ ವನಜಾ ಗೋಡೆಗೆ ಆನಿಕೊಂಡು ಸೊಂಟಕ್ಕೆ ಮುಲಾಮು ತಿಕ್ಕಿಕೊಳ್ಳುವುದನ್ನು ನೋಡಿದೆ. ಅವಳು ನನ್ನನ್ನು ನೋಡಲಿಲ್ಲ. ನನಗೆ ನಾಚಿಕೆಯಾಯಿತು. ಕಾಫಿಯನ್ನೂ ಕುಡಿಯದೆ ಹೊರಟು, ಶೋರೂಮಿನ ಬಾಗಿಲು ತೆಗೆಯುವ ಮೊದಲೇ ಅದರ ಮುಂದೆ ನಿಂತಿದ್ದೆ. ಮೆಕ್ಯಾನಿಕ್ಕು ಎರಡು ಬೋಲ್ಟು ಸಡಿಲಿಸಿ, ಒರಗನ್ನು ಹಿಂದಕ್ಕೆ ಸರಿಸಿ ಬಿಗಿದ. ಅವನು ಸ್ಪ್ಯಾನರ್ ತಿರುಗಿಸುವಾಗ ನಾನು ಬೇರೆ ಕಡೆ ನೋಡುತ್ತಿದ್ದೆ. ಮನೆಗೆ ಬಂದು ಹೇಳಬೇಕೆಂದಿದ್ದವನು ಹೇಳಲಿಲ್ಲ. ಹೇಗೂ ಭಾನುವಾರ ಅವಳಿಗೇ ತಿಳಿಯುತ್ತದೆ, ಅಲ್ಲಿಗೆ ನನ್ನ ಭುಜದ ಎರಡನೇ ನಿವೃತ್ತಿ ಎಂದುಕೊಂಡೆ.

ಭಾನುವಾರ ಹೊರಟೆವು. ಊರು ದಾಟುವವರೆಗೆ ವನಜಾ ಆರಾಮಾಗಿ ಒರಗಿದ್ದಳು. ಕನ್ನಡಿಯಲ್ಲಿ ನೋಡಿದೆ, ಮುಖದಲ್ಲಿ ನೋವಿನ ಗುರುತೇ ಇಲ್ಲ. ಒಳ್ಳೆಯದಾಯಿತು ಎಂದುಕೊಂಡೆ, ನಿಜವಾಗಿ ಅರ್ಧ ಮನಸ್ಸಿನಿಂದ ಅಂದುಕೊಂಡೆ. ಸೋಗಾನೆಯ ತಿರುವಿನ ಹತ್ತಿರ ಬರುವಾಗ ಭುಜದ ಮೇಲೆ ಕೈ ಬಂತು. ಗಾಡಿ ನಿಧಾನ ಮಾಡಿ, ‘ಏನೇ, ಇನ್ನೂ ಒತ್ತುತ್ತಾ?’ ಎಂದು ಕೂಗಿ ಕೇಳಿದೆ.

‘ಹೂಂ ರೀ, ಒತ್ತುತ್ತೆ’ ಎಂದಳು. ‘ನೀವು ರಸ್ತೆ ನೋಡಿ.’

ಕನ್ನಡಿಯಲ್ಲಿ ಮತ್ತೆ ನೋಡಿದೆ. ಅವಳ ಬೆನ್ನಿಗೂ ಒರಗಿಗೂ ನಡುವೆ ಒಂದು ತೆಂಗಿನಕಾಯಿ ಇಡುವಷ್ಟು ಜಾಗವಿತ್ತು. ಯಾವುದನ್ನೂ ಪರೀಕ್ಷಿಸದೆ ನಂಬಬೇಡಿ ಎಂದು ಇಷ್ಟು ವರ್ಷ ಮಕ್ಕಳಿಗೆ ಹೇಳಿಕೊಂಡು ಬಂದ ಮೇಷ್ಟ್ರು, ಅವತ್ತು ಪರೀಕ್ಷಿಸಲು ಹೋಗಲಿಲ್ಲ. ಸುಮ್ಮನೆ ರಸ್ತೆ ನೋಡಿದೆ.

ಈಗಲೂ ವನಜಾ ಬಂದವರ ಎದುರಿಗೆ ದೂರುತ್ತಾಳೆ: ‘ಆ ಬ್ಯಾಕ್‌ರೆಸ್ಟು ಸರಿ ಮಾಡ್ಸಿ ಅಂತ ಹೇಳಿ ಹೇಳಿ ಸಾಕಾಯ್ತು. ಇವತ್ತು ಹೋಗ್ತೀನಿ, ನಾಳೆ ಹೋಗ್ತೀನಿ ಅಂತಾರೆ. ಬೇರೆ ಎಲ್ಲದ್ರಲ್ಲೂ ಸಾದಾ ಮಾರಾಯ್ತಿ, ಸೋಮಾರಿತನದಲ್ಲಿ ಮಾತ್ರ ಇವ್ರು ಟಾಪ್ ಎಂಡ್.’ ನಾನು ತಲೆ ತಗ್ಗಿಸಿ ಕೂತಿರುತ್ತೇನೆ. ಮುಂದಿನ ವಾರ ಖಂಡಿತ ಹೋಗ್ತೀನಿ ಎನ್ನುತ್ತೇನೆ. ಅಂತೂ ಇಷ್ಟು ವಯಸ್ಸಾದ ಮೇಲೆ ಒಂದು ವಿಷಯದಲ್ಲಾದರೂ ನಾನು ಸಾದಾ ಅಲ್ಲ ಎಂದು ನನ್ನ ಹೆಂಡತಿಯೇ ಒಪ್ಪಿದ್ದಾಳೆ. ಆ ಬಿರುದನ್ನು ಬಿಟ್ಟುಕೊಡುವ ಯೋಚನೆ ನನಗಿಲ್ಲ.