ನಡುವೆ ಏನೂ ಇಲ್ಲದ ಕ್ಯಾನು

ಗುಡದಪ್ಪ ಹೊಸದೇನನ್ನಾದರೂ ತಯಾರಿಸಿದ ದಿನ ಮೀಸೆಗೆ ಎಣ್ಣೆ ಹಚ್ಚಿಕೊಂಡು ಬರುತ್ತಿದ್ದ. ಆ ಭಾನುವಾರ ಬೆಳಿಗ್ಗೆ ಮೈದುನನ ಮೀಸೆ ಮಿಂಚುವುದನ್ನು ಕಂಡ ಕೂಡಲೇ ಫಕೀರವ್ವ ಒಲೆಯ ಮೇಲಿನ ಹಾಲನ್ನು ಇಳಿಸಿ ಮೂಲೆಗೆ ಸರಿಸಿದಳು. ಹೋದ ಸಲ ಅವನು ತಂದ ರೊಟ್ಟಿ ಬಡಿಯುವ ಯಂತ್ರ ಹನ್ನೊಂದು ರೊಟ್ಟಿ ಬಡಿದಿತ್ತು, ಹನ್ನೊಂದನ್ನೂ ಗೋಡೆಗೇ ಬಡಿದಿತ್ತು.

ಈ ಸಲ ಅವನ ಕೈಯಲ್ಲಿ ಇದ್ದದ್ದು ಗೇಣುದ್ದದ ಒಂದು ಸ್ಟೀಲ್ ಬಾಟಲಿ. ಅದನ್ನು ದೇವರ ಪ್ರಸಾದ ಕೊಡುವಂತೆ ಎರಡೂ ಕೈಯಲ್ಲಿ ಹಿಡಿದು ಚಾಚಿದ.

“ಹಿಡೀರಿ ವೈನಿ. ನೀವು ಕೇಳಿದ್ದು.”

“ಏನಿದು?”

“ಎರಡು ಗೋಡಿ ಬಾಟ್ಲಿ. ಒಳಗೊಂದು, ಹೊರಗೊಂದು.”

“ಮತ್ತ ನಡುವ?”

“ಏನೂ ಇಲ್ಲ.”

“ಏನೂ ಇಲ್ಲದ್ದನ್ನ ಮಾಡಾಕ ಆರು ತಿಂಗಳು ಹಿಡೀತೇನೋ ನಿನಗ?”

“ಏನೂ ಇಲ್ಲದ್ದನ್ನ ಮಾಡೂದ ಭಾಳ ತ್ರಾಸ,” ಎಂದ ಗುಡದಪ್ಪ, ಗಂಭೀರವಾಗಿ. ಬಸ್ ಸ್ಟ್ಯಾಂಡ್ ಪಕ್ಕದಲ್ಲಿ ಪಂಪ್‌ಸೆಟ್ ಮೋಟಾರು ಸುತ್ತುವ ಅಂಗಡಿ ಅವನದು. ಸುಟ್ಟ ಮೋಟಾರುಗಳ ನಡುವೆ ಕೂತು ಮನುಷ್ಯ ಇಂಥದ್ದನ್ನೇ ಯೋಚಿಸುತ್ತಾನೆ. “ಗಾಳಿ ಅನ್ನೂದು ಬೆಕ್ಕಿದ್ದಂಗ. ಸಂದಿ ಸಿಕ್ಕರ ಒಳಗ ಬರ್ತೈತಿ. ಹಳೇ ಫ್ರಿಜ್ಜಿನ ಕಂಪ್ರೆಸರ್ ಹಚ್ಚಿ ಅಷ್ಟೂ ಗಾಳಿ ಹೊರಗ ಎಳದು, ಬೆಸಿಗಿ ಹಾಕೇನಿ.”

“ಗಾಳಿ ತಗದ್ರ ಚಾ ಹೆಂಗ ಬಿಸಿ ಉಳೀತೈತಿ?”

“ಬಿಸಿ ಅಂದ್ರ ಊರಾಗಿನ ಸುದ್ದಿ ಇದ್ದಂಗ ವೈನಿ. ಒಬ್ರ ಕಿವಿಯಿಂದ ಇನ್ನೊಬ್ರ ಕಿವಿಗೆ ದಾಟಿದ್ರಷ್ಟ ಮುಂದ ಹೋಗತೈತಿ. ನಡುವ ಒಂದೂ ಮನಿ ಇಲ್ಲಂದ್ರ? ಅಲ್ಲೇ ಕುಂದರತೈತಿ. ಹಾರಿ ಹೋದೀತು ಅಂತ ಗೋಡಿಗೆ ಕನ್ನಡಿ ಹಂಗ ಹೊಳಪು ಕೊಟ್ಟೇನಿ. ಬಂದ ಬಿಸಿ ತನ್ನ ಮಾರಿ ತಾನ ನೋಡ್ಕೊಂಡು ಹೊಳ್ಳಿ ಹೋಗತೈತಿ. ಸೋರೂದು ಬಾಯಿಂದ ಅಷ್ಟ. ಮುಚ್ಚಳ ಬಿಗಿ ಹಾಕ್ಬೇಕು.”

ಇಂಥವು ಹದಿನಾರು ಮಾಡಿದ್ದ. ಹದಿನಾರು ಎಂದರೆ ಫಕೀರವ್ವನ ಗುಂಪಿನ ಹೆಂಗಸರ ಲೆಕ್ಕ.

ಆ ಗುಂಪು ರುದ್ರಗೌಡನ ಹತ್ತಿ ಬೀಜದ ಹೊಲದಲ್ಲಿ ಕ್ರಾಸಿಂಗ್ ಕೆಲಸ ಮಾಡುತ್ತಿತ್ತು. ಸಂಜೆ ಮೊಗ್ಗು ಬಿಡಿಸಿ ಕೆಂಪು ಕಾಗದದ ಕೊಳವೆ ತೊಡಿಸುವುದು, ಬೆಳಿಗ್ಗೆ ಕೊಳವೆ ತೆಗೆದು ಗಂಡು ಹೂವಿನ ಪುಡಿ ಮುಟ್ಟಿಸುವುದು. ಬಿಸಿಲೇರಿದ ಮೇಲೆ ಮುಟ್ಟಿಸಿದರೆ ಕಾಯಿ ಕಟ್ಟುವುದಿಲ್ಲ. ಹಾಗಾಗಿ ಒಂಬತ್ತರ ಚಹಾವನ್ನು ಸಾಲಿನಲ್ಲಿ ನಿಂತೇ ಕುಡಿಯಬೇಕು. ಚಹಾ ಬರುವುದು ಊರ ಈರಣ್ಣನ ಹೋಟೆಲಿನಿಂದ, ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ, ಜೊತೆಗೆ ಹದಿನಾರು ಪ್ಲಾಸ್ಟಿಕ್ ಲೋಟ. ಕುಡಿದು ಬದುವಿಗೆ ಎಸೆದರೆ ಗಾಳಿ ಅವನ್ನು ಹಳ್ಳದ ದಂಡೆಗೆ ಒಯ್ಯುತ್ತಿತ್ತು. ಸಕ್ಕರೆಯ ರುಚಿ ಹತ್ತಿದ ಚೀಲವನ್ನು ದನಗಳು ಬಿಡುವುದಿಲ್ಲ. ಹೋದ ವರ್ಷ ಫಕೀರವ್ವನ ಎಮ್ಮೆ ಹೊಟ್ಟೆ ಉಬ್ಬಿ ಬಿದ್ದಾಗ ದನದ ಡಾಕ್ಟರು ಕೊಯ್ದು ತೆಗೆದದ್ದು ಒಂದು ಬುಟ್ಟಿ ಚೀಲ. ಎಮ್ಮೆ ಉಳಿಯಲಿಲ್ಲ. ಈಗ ಅದರ ಮಗಳು, ಚೊಚ್ಚಲು ಗಬ್ಬದ ಮಣಕ, ಅದೇ ದಂಡೆಯಲ್ಲಿ ಮೇಯುತ್ತಿತ್ತು.

ಫಕೀರವ್ವ ಗುಂಪಿನ ಯಜಮಾನಿ ದ್ಯಾಮವ್ವನ ಬಳಿ ಹೋಗಿ, ಚೀಲದ ಚಹಾ ಬಿಡೋಣ ಎಂದು ಕೇಳಿಕೊಂಡಿದ್ದಳು. ದ್ಯಾಮವ್ವ ಅರವತ್ತರ ಹೆಂಗಸು. ಅವಳು ಹೂಂ ಎಂದರೆ ಹದಿನಾರು ಜನ ಹೂಂ ಎಂದಂತೆ.

“ಮೂರು ದಿನ ನೋಡ್ತೇವಿ,” ಎಂದಿದ್ದಳು ದ್ಯಾಮವ್ವ. “ಬಾಯಿಗೆ ಹಿಡಿಸಿದ್ರ ಆತು. ಇಲ್ಲಂದ್ರ ಈರಣ್ಣನ ಚೀಲ ಎಲ್ಲಿಗೂ ಓಡಿ ಹೋಗಂಗಿಲ್ಲ.”

ಮೊದಲ ದಿನ ಫಕೀರವ್ವ ನಸುಕಿನಲ್ಲೆದ್ದು ಕೊಡ ತುಂಬ ಚಹಾ ಕಾಸಿ ಹದಿನಾರು ಬಾಟಲಿಗೂ ತುಂಬಿ, ಮುಚ್ಚಳ ಬಿಗಿದು, ಬುಟ್ಟಿಯಲ್ಲಿಟ್ಟು ಹೊತ್ತು ತಂದಳು. ಒಂಬತ್ತಕ್ಕೆ ಹಂಚಿದಳು. ಈರಣ್ಣನ ಚಹಾ ಹೊಲ ಮುಟ್ಟುವ ಹೊತ್ತಿಗೆ ಉಗುರುಬೆಚ್ಚಗಾಗಿರುತ್ತಿತ್ತಲ್ಲ, ಅದನ್ನು ಒಂದೇ ಗುಟುಕಿಗೆ ಎತ್ತಿ ಕೈ ಒರೆಸಿಕೊಂಡು ಹೂವಿಗೆ ಹೋಗುವುದು ಆ ಹೆಂಗಸರ ಇಪ್ಪತ್ತು ವರ್ಷದ ರೂಢಿ. ರೂಢಿಯಂತೆ ಎತ್ತಿದರು.

ಒಲೆಯಿಂದ ಈಗಷ್ಟೇ ಇಳಿಸಿದಂಥ ಚಹಾ. ಹದಿನಾರು ನಾಲಿಗೆಗಳು ಒಟ್ಟಿಗೇ ಸುಟ್ಟವು. ನೀಲವ್ವ ನೀರಿನ ಕೊಡದೊಳಗೆ ಮುಖ ಅದ್ದಿದಳು. ಅವಳ ಅತ್ತೆ ಕೆಂಚವ್ವ ಹತ್ತಿ ಎಲೆ ನಾಲಿಗೆಗೆ ಅಂಟಿಸಿಕೊಂಡು ನಿಂತಳು. ಅರ್ಧ ತಾಸು ಯಾವ ಹೂವಿಗೂ ಪುಡಿ ಮುಟ್ಟಲಿಲ್ಲ. ರುದ್ರಗೌಡ ಬದುವಿನ ಮೇಲೆ ಅತ್ತಿಂದಿತ್ತ ಓಡಾಡಿದ.

“ಒಂದ್ ದಿನ ಆತು,” ಎಂದಳು ದ್ಯಾಮವ್ವ. ನಾಲಿಗೆ ದಪ್ಪಗಾಗಿದ್ದರಿಂದ ಅದು ‘ಒಂಡ್ ಡಿನ’ ಎಂದು ಕೇಳಿಸಿತು. ಯಾರೂ ನಗಲಿಲ್ಲ. ನಕ್ಕರೆ ತಮ್ಮದೂ ಉರಿಯುತ್ತಿತ್ತು.

ಎರಡನೆಯ ದಿನ ಅವರವರ ಬಾಟಲಿಯನ್ನು ಅವರವರೇ ಮನೆಯಲ್ಲಿ ತುಂಬಿಕೊಂಡು ಬರುವುದೆಂದಾಯಿತು. ಹೊಲದಲ್ಲಿ ನೀಲವ್ವ ಮುಚ್ಚಳ ತೆಗೆದು ಒಂದು ಗುಟುಕು ಕುಡಿದವಳೇ ಬಾಟಲಿಯನ್ನು ಫಕೀರವ್ವನ ಮುಂದೆ ಕುಕ್ಕಿದಳು.

“ಯಕ್ಕಾ, ನಂದು ಕೆಟ್ಟೈತಿ. ಚಾ ಹಿಮಾ ಆಗೇತಿ.”

“ಹಾಕುವಾಗ ಎಷ್ಟು ಬಿಸಿ ಇತ್ತು?”

“ಬಿಸಿ ಯಾಕಿರ್ತೈತಿ? ರಾತ್ರಿ ಉಳದಿದ್ದು. ಬಾಟ್ಲಿ ಬಿಸಿ ಮಾಡತೈತಿ ಅಂತಲ್ಲ ಸುದ್ದಿ?”

“ಮಾಡಂಗಿಲ್ಲವಾ. ಕಾಯತೈತಿ ಅಷ್ಟ. ನೀ ತಣ್ಣಂದು ಹಾಕಿದಿ, ಅದು ತಣ್ಣಂದನ್ನ ಕಾದೈತಿ.”

“ಕಟ್ಟಿಗಿ ಉಳಸಾಕ ಹೋಗ್ಯಾಳ ನನ್ನ ಸೊಸಿ,” ಎಂದಳು ಕೆಂಚವ್ವ.

ವಿಚಾರಿಸಿದರೆ ಹದಿನಾರರಲ್ಲಿ ಏಳು ಜನ ಹಾಗೆಯೇ ತಣ್ಣನೆಯದನ್ನು ತುಂಬಿದ್ದರು. ಏಳೂ ಜನ ತಪ್ಪು ಬಾಟಲಿಯದೇ ಎಂದರು. ಮಧ್ಯಾಹ್ನ ಬಿಸಿಲಿನಲ್ಲಿ ಅದೇ ಏಳು ಜನ ಆ ತಣ್ಣನೆಯ ಚಹಾ ಚೆಲ್ಲಿ ಗುಡಾಣದ ನೀರು ತುಂಬಿಟ್ಟುಕೊಂಡು ಸಂಜೆಯವರೆಗೆ ತಂಪಾಗಿ ಕುಡಿದದ್ದು ಬೇರೆ ಮಾತು. ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

“ಎರಡ್ ದಿನ,” ಎಂದಳು ದ್ಯಾಮವ್ವ.

ಮನೆಗೆ ಬಂದ ಫಕೀರವ್ವ ಮೈದುನನೆದುರು ಕೂತು, ಒಂದು ದಿನ ಉಳಿದಿದೆ ಎಂದಷ್ಟೇ ಹೇಳಿದಳು. ಗುಡದಪ್ಪ ಮೀಸೆ ತಿರುವಿದ. ತುಂಬುವವರು ಹದಿನಾರು ಜನ ಇರುವುದೇ ತೊಂದರೆ, ಒಬ್ಬರೇ ತುಂಬುವಂಥದ್ದು ಬೇಕು ಎಂದ. ಮರುದಿನ ಮುಂಜಾನೆ ಸೈಕಲ್ಲಿನ ಹಿಂದೆ ಒಂದು ದೊಡ್ಡ ಕ್ಯಾನನ್ನು ಕಟ್ಟಿಕೊಂಡು ಹೊಲಕ್ಕೇ ಬಂದ. ಹಾಲಿನ ಕ್ಯಾನಿನೊಳಗೆ ಇನ್ನೊಂದು ಕ್ಯಾನು, ಪಕ್ಕಕ್ಕೊಂದು ನಲ್ಲಿ. ಬುಡದಲ್ಲಿ ಒಂದು ಪುಟ್ಟ ಮೋಟಾರು ಗುಂಯ್ ಎನ್ನುತ್ತಿತ್ತು.

“ಬಾಟ್ಲಿಗೆ ಒಂದ ಸಲ ಗಾಳಿ ಎಳದು ಬೆಸಿಗಿ ಹಾಕಿದ್ದೆ,” ಎಂದ. “ಇದು ಎಳಕೋತನ ಇರತೈತಿ. ದಿನದಿಂದ ದಿನಕ್ಕ ಹೆಚ್ಚೆಚ್ಚು ಏನೂ ಇರಂಗಿಲ್ಲ.”

“ಎಳಕೋತನ ಇದ್ರ ಕಡೀಕ ಏನ್ ಎಳೀತೈತಿ?” ಎಂದು ಫಕೀರವ್ವ ಕೇಳಿದಳು.

ಗುಡದಪ್ಪ ಅದನ್ನು ಯೋಚಿಸಿರಲಿಲ್ಲ. ಹಾಗಾಗಿ ಕ್ಯಾನಿನ ಹಗ್ಗ ಬಿಚ್ಚತೊಡಗಿದ.

ಕ್ಯಾನನ್ನು ಬೇವಿನ ಗಿಡದ ಕೆಳಗಿಟ್ಟು, ಈ ಸಲ ಕುಡಿಯುವ ಹದಕ್ಕೆ ಆರಿಸಿದ ಚಹಾ ಸುರಿದರು. ಬೇಕಾದವರು ಬಂದು ಮನೆಯಿಂದ ತಂದ ಲೋಟದಲ್ಲಿ ಹಿಡಿದುಕೊಳ್ಳಬೇಕು. ಮೊದಲು ಹೋದವಳು ನೀಲವ್ವ. ನಲ್ಲಿ ತಿರುವಿದಳು, ಗುಟುಕರಿಸಿದಳು, ಬಾಯಿ ತೆರೆದು ಏನೋ ಹೇಳಿದಳು. ಯಾರಿಗೂ ಏನೂ ಕೇಳಿಸಲಿಲ್ಲ.

“ಜೋರಾಗಿ ಹೇಳ ನೀಲವ್ವಾ,” ಎಂದು ಫಕೀರವ್ವ ಕೂಗಿದಳು. ನೀಲವ್ವನಿಗೂ ಅದು ಕೇಳಿಸಲಿಲ್ಲ.

ಗುಡದಪ್ಪ ಕೈ ಮುಂದೆ ಚಾಚಿ ಕ್ಯಾನಿನತ್ತ ನಡೆದ. ಇನ್ನೂ ಐದು ಹೆಜ್ಜೆ ದೂರವಿರುವಂತೆಯೇ ಅವನ ಕಿವಿ ಟಪ್ ಎಂದಿತು. ಹಿಂದೆ ಬಂದ, ಮತ್ತೆ ಟಪ್. ಅವನ ಕಣ್ಣು ಅರಳಿದವು. ಮೋಟಾರು ಗೋಡೆಗಳ ನಡುವಿನದನ್ನೆಲ್ಲ ಎಳೆದು ಮುಗಿಸಿ, ಎಳೆಯಲು ಬೇರೇನೂ ಸಿಗದೆ ಹೊರಗಿನ ಗಾಳಿಯಲ್ಲೇ ಒಂದು ಬರಿದಾದ ಪೊರೆ ಮಾಡಿತ್ತು. ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ, ಕ್ಯಾನಿನ ಸುತ್ತ ಗುಡಿಸಲಿನಂತೆ.

“ಬಿಸಿ ದಾಟಾಕ ಗಾಳಿ ಬೇಕು ಅಂದಿದ್ನಲ್ಲ ವೈನಿ, ಮಾತು ದಾಟಾಕೂ ಗಾಳಿನ ಬೇಕು. ಒಳಗಿಂದು ಹೊರಗ ಬರಂಗಿಲ್ಲ, ಹೊರಗಿಂದು ಒಳಗ ಹೋಗಂಗಿಲ್ಲ.”

“ಉಸಿರು?”

“ಒಳಗ ಉಸಿರು ಬೇಕಾದಷ್ಟೈತಿ. ಪೊರಿ ಅಷ್ಟ ಖಾಲಿ.”

ಈ ಸುದ್ದಿ ಸಾಲಿನಿಂದ ಸಾಲಿಗೆ ದಾಟಲು ಗಾಳಿ ಬೇಕಾದಷ್ಟಿತ್ತು. ಹತ್ತು ನಿಮಿಷದಲ್ಲಿ ನೀಲವ್ವನಿಗೆ ಮತ್ತೆ ಚಹಾದ ಬಾಯಾರಿಕೆ ಆಯಿತು. ಒಳಗೆ ಹೋಗಿ, ಕೆಂಚವ್ವನ ಕಡೆಗೆ ಮುಖ ಮಾಡಿ, ಕೈ ಬೀಸಿ ಬೀಸಿ ಒಂದು ಲೋಟ ಕುಡಿದು ಬಂದಳು. ಮುಖ ಹಗುರಾಗಿತ್ತು. ಆಮೇಲೆ ಕೆಂಚವ್ವ ಹೋಗಿ ಸೊಸೆಯ ಕಡೆಗೆ ಮುಖ ಮಾಡಿ ಒಂದೂವರೆ ಲೋಟ ಕುಡಿದಳು. ಮನೆಯಲ್ಲಿ, ಓಣಿಯಲ್ಲಿ, ಹೊಲದಲ್ಲಿ ಎಲ್ಲೂ ಒಬ್ಬಂಟಿಯಾಗಿ ಒಂದು ಮಾತು ಆಡಲು ಜಾಗವಿಲ್ಲದ ಹೆಂಗಸರು ಅವರು. ಒಬ್ಬೊಬ್ಬರೇ ಹೋದರು, ಗಂಡನ ಹೆಸರಿಗೊಂದು, ನೆಗೆಣ್ಣಿಯ ಹೆಸರಿಗೊಂದು ಲೋಟ ಹಿಡಿದರು. ರುದ್ರಗೌಡನೂ ಹೋಗಿ, ಹೆಂಗಸರನ್ನೇ ನೋಡುತ್ತ ಏನೋ ಹೇಳಿ, ಮೂಗು ಒರೆಸಿಕೊಂಡು ಬಂದ.

ಫಕೀರವ್ವ ಮಾತ್ರ ದಿನ ಎಣಿಸುತ್ತಿದ್ದಳು. ಇದು ಮೂರನೆಯ ದಿನ. ಚಹಾ ಹಿಡಿಸಿತೋ ಇಲ್ಲವೋ ಎಂಬ ಒಂದು ಮಾತೂ ಹೊರಗೆ ಬರುತ್ತಿಲ್ಲ. ದ್ಯಾಮವ್ವ ಒಳಗೆ ಹೋದಳು. ಒಂದು ಗುಟುಕು ಕುಡಿದಳು, ಹುಬ್ಬು ಗಂಟಿಕ್ಕಿದಳು, ಲೋಟದೊಳಗೆ ಇಣುಕಿ ನೋಡಿ ಬಹಳ ಹೊತ್ತು ಏನೇನೋ ಅಂದಳು. ಹೊರಗೆ ಬಂದಾಗ ಫಕೀರವ್ವ ಕೇಳಿದಳು:

“ದ್ಯಾಮಕ್ಕಾ, ಹೆಂಗೈತಿ?”

“ಸಂಜಿಕ ಹೇಳ್ತೀನಿ,” ಎಂದು ದ್ಯಾಮವ್ವ ಸಾಲಿಗೆ ಹೋದಳು.

ಹಳ್ಳದ ದಂಡೆಯಲ್ಲಿ ಮಣಕ ತಲೆ ತಗ್ಗಿಸಿ ಏನೋ ಮೂಸುತ್ತಿತ್ತು. ಅದನ್ನು ನೋಡಿದ ಫಕೀರವ್ವ ಲೋಟ ಹಿಡಿದು ನೇರ ಪೊರೆಯೊಳಗೆ ನಡೆದಳು. ಅವಳು ಅಲ್ಲಿ ಏನು ಹೇಳಿದಳೆಂಬುದು ಅವಳಿಗೊಬ್ಬಳಿಗೇ ಗೊತ್ತು, ಸ್ವಲ್ಪ ಹೊತ್ತು.

ಹನ್ನೊಂದರ ಹೊತ್ತಿಗೆ ಕ್ಯಾನು ಖಾಲಿ. ಅಷ್ಟು ಸಲ ಬಂದು ಅಷ್ಟು ಕುಡಿದಿದ್ದರು. ಒಳಗೆ ಚಹಾವೂ ಇಲ್ಲವಾದ ಮೇಲೆ ಮೋಟಾರು ಇನ್ನೂ ಬಿರುಸಾಗಿ ಎಳೆಯತೊಡಗಿತು. ಗುಡದಪ್ಪ ಓಡುವಷ್ಟರಲ್ಲಿ ಢಬ್ ಎಂದು ಕ್ಯಾನು ಒಳಕ್ಕೇ ಕುಸಿದು ತುಳಿದ ಬದನೆಕಾಯಿಯಂತಾಯಿತು. ಪೊರೆ ಹರಿಯಿತು.

ಗುಡದಪ್ಪ ಲೆಕ್ಕ ಹಾಕದಿದ್ದುದು ಇನ್ನೊಂದಿತ್ತು. ಬಿಸಿಯನ್ನು ಕಾಯುವ ಗೋಡೆ ಒಳಗೆ ಸಿಕ್ಕ ಮಾತನ್ನೂ ಕಾಯುತ್ತದೆ. ಬೆಳಗಿನಿಂದ ಪೊರೆಗೆ ಬಡಿದು ಹಿಂದೆ ತಿರುಗುತ್ತಿದ್ದ ಮಾತುಗಳೆಲ್ಲ, ಆಡಿದ ಅನುಕ್ರಮದಲ್ಲೇ, ಆಡಿದಷ್ಟೇ ಬಿಸಿಯಾಗಿ, ಹೊಲದ ತುಂಬ ಹೊರಟವು.

“ನಮ್ಮತ್ತಿ ಗೊರಕಿ ಹೊಡದ್ರ ಮನಿ ಹಂಚು ಏಳತಾವು,” ಎಂದಿತು ನೀಲವ್ವನ ದನಿ.

“ನನ್ನ ಸೊಸಿ ಉಪ್ಪು ಹಾಕೂದು ನೋಡಿದ್ರ ಸಮುದ್ರಕ್ಕ ನಾಚಿಕಿ ಆಗತೈತಿ,” ಎಂದಿತು ಕೆಂಚವ್ವನ ದನಿ.

ಅತ್ತೆ ಸೊಸೆ ಒಬ್ಬರನ್ನೊಬ್ಬರು ನೋಡಿದರು. ಹದಿಮೂರು ಗಂಡಂದಿರು, ಒಂಬತ್ತು ನೆಗೆಣ್ಣಿಯರು ಬೈಸಿಕೊಂಡು ಹಾದುಹೋದರು.

“ಇಂಥಾ ಕೈ ಜಿಲ್ಲೆದಾಗ ಇಲ್ಲ,” ಎಂದಿತು ರುದ್ರಗೌಡನ ದನಿ. “ಒಂದ್ ಹೂವು ತಪ್ಪಸಂಗಿಲ್ಲ. ಅವರ ಮುಂದ ಅನ್ನಬಾರದು, ಅಂದ್ರ ತಲೀ ಮ್ಯಾಲೆ ಕುಂದರತಾರ.” ಗೌಡ ಟವೆಲಿನಿಂದ ಮುಖ ಮುಚ್ಚಿಕೊಂಡ.

ಆಮೇಲೆ ದ್ಯಾಮವ್ವನ ದನಿ ಬಂತು. ಹೊಲವೆಲ್ಲ ಕಿವಿಯಾಯಿತು.

“ಹಾಳಾದ್ದು, ಚೀಲದ ನಾತ ಇಲ್ಲ ನೋಡು. ಚಾ ಅಂದ್ರ ಚಾದಂಗೈತಿ. ಇಪ್ಪತ್ತು ವರ್ಷ ಏನ್ ಕುಡದೆವೋ ಏನೋ. ಇದನ್ನ ಬಿಡಬಾರದು. ಆದ್ರ ಆ ಫಕೀರವ್ವಗ ಈಗ ಹೇಳಬಾರದು, ಸಂಜೀತನಾ ಕುದೀಲಿ ಆಕಿ.”

ಫಕೀರವ್ವನ ಕಣ್ಣು ತುಂಬಿ ಬಂದವು. ತುಂಬಿದ ಕಣ್ಣು ಹಾಗೆಯೇ ದೊಡ್ಡವಾದವು. ಮುಂದಿನ ಸರದಿ ತನ್ನದೆಂದು ಅವಳಿಗೆ ಆಗ ನೆನಪಾಯಿತು. ಓಡಿಹೋಗಿ ಕ್ಯಾನನ್ನು ಸೆರಗಿನಿಂದ ಮುಚ್ಚಿದಳು. ಸೆರಗು ಎರಡು ಗೋಡೆಯದಲ್ಲ.

“ಈ ದ್ಯಾಮವ್ವನ ಮಾರಿಗೆ ಇದ ಚಾ ಉಗ್ಗಬೇಕು,” ಎಂದಿತು ಅವಳದೇ ದನಿ, ಸ್ಪಷ್ಟವಾಗಿ. “ಹೂಂ ಅನ್ನಾಕ ಏನ್ ಗಂಟು ಹೋಗತೈತಿ ಈ ಮುದುಕಿದು?”

ದ್ಯಾಮವ್ವ ಸಾಲಿನಿಂದ ಮೆಲ್ಲಗೆ ನಡೆದು ಬಂದಳು. ಕೈಯಲ್ಲಿದ್ದ ಹೂವಿನ ಬುಟ್ಟಿ ಇಳಿಸಿದಳು. ಬೇವಿನ ಬುಡದಲ್ಲಿ ಹಿಂದಿನ ದಿನ ಸಾಲಾಗಿ ಬಿಟ್ಟುಹೋಗಿದ್ದ ಹದಿನಾರು ಬಾಟಲಿಗಳಲ್ಲಿ ತನ್ನದನ್ನು ಹುಡುಕಿ ತೆಗೆದುಕೊಂಡು ಫಕೀರವ್ವನ ಮುಂದೆ ಹಿಡಿದಳು.

“ನಾಳಿಂದ ಇದರಾಗ ತುಂಬು. ಕುದಿಯೂದು ಬ್ಯಾಡ, ಹದಕ್ಕ ಆರಿಸಿ. ಉಗ್ಗೂದಿದ್ರ ಮುದುಕಿ ಮಾರಿ ಸುಡಬಾರದಲ್ಲ,” ಎಂದವಳೇ ನಕ್ಕಳು. ಅವಳು ನಕ್ಕರೆ ಹದಿನಾರು ಜನ ನಕ್ಕಂತೆ.

ಮಾರನೆಯ ದಿನದಿಂದ ಹದಿನಾರು ಬಾಟಲಿಗಳು ಹೊಲಕ್ಕೆ ಬಂದವು, ಬೆಳಿಗ್ಗೆ ಚಹಾ, ಮಧ್ಯಾಹ್ನ ತಣ್ಣೀರು. ಭಾನುವಾರ ಹೆಂಗಸರೇ ಗೋಣಿಚೀಲ ಹಿಡಿದು ಹಳ್ಳದ ದಂಡೆಯಲ್ಲಿದ್ದ ಹಳೆಯ ಚೀಲ, ಲೋಟಗಳನ್ನೆಲ್ಲ ಆರಿಸಿದರು. ನೀಲವ್ವ ಕೆಂಚವ್ವ ಮಾತಾಡಿಕೊಳ್ಳದೆಯೇ ಒಂದೇ ಗೋಣಿಯ ಎರಡು ತುದಿ ಹಿಡಿದಿದ್ದರು. ಈರಣ್ಣ ಎರಡು ದಿನ ಮುಖ ಊದಿಸಿಕೊಂಡಿದ್ದು, ಮೂರನೆಯ ದಿನ ಗುಡದಪ್ಪನ ಅಂಗಡಿಗೆ ಬಂದು ಹೋಟೆಲಿಗೂ ಒಂದು ಕ್ಯಾನು ಬೇಕೆಂದ.

ಗುಡದಪ್ಪ ಮೀಸೆಗೆ ಎಣ್ಣೆ ಹಚ್ಚಿಕೊಂಡು ಮನೆಗೆ ಬಂದ. “ವೈನಿ, ಈ ಸಲ ಮೋಟಾರು ಇನ್ನೂ ದೊಡ್ಡದು ಹಾಕ್ತೀನಿ. ಚಾನೂ ಉಳೀತೈತಿ, ಮಾತೂ ವರ್ಷಗಟ್ಲೆ ಬಿಸಿ ಉಳೀತೈತಿ.”

ಫಕೀರವ್ವ ಬಾಟಲಿಯ ಮುಚ್ಚಳ ಬಿಗಿಯುತ್ತಿದ್ದವಳು ತಲೆ ಎತ್ತಲಿಲ್ಲ.

“ಚಾ ಅಷ್ಟ ಬಿಸಿ ಇಡಪಾ,” ಎಂದಳು. “ಮಾತು ಆರಿದ್ರ ಚಲೋ.”