ಎರಡು ಕಡ್ಡಿ ರೇಂಜು

ಎಲ್ಲ ಶುರುವಾದದ್ದು ಒಂದು ಸತ್ತ ಗುಬ್ಬಿಯ ಫೋಟೋದಿಂದ. ಅದು ಯಾವ ದೇಶದ ಗುಬ್ಬಿಯೋ, ಯಾವ ಕಾಯಿಲೆಯಿಂದ ಸತ್ತಿತ್ತೋ ಯಾರಿಗೂ ಗೊತ್ತಿಲ್ಲ. ಬೆಳಗ್ಗೆ ಆರೂವರೆಗೆ ಪ್ರೇಮಾನಂದರು ಅದನ್ನು ‘ಬಿಜೂರು ವಿಚಾರ ವೇದಿಕೆ’ ಎಂಬ ವಾಟ್ಸಾಪ್ ಗುಂಪಿಗೆ ಹಾಕಿ, ಕೆಳಗೆ ಬರೆದಿದ್ದರು: “ಮೊಬೈಲ್ ಟವರಿನ ವಿಕಿರಣದ ಫಲ. ಮೊದಲು ಗುಬ್ಬಿ, ಆಮೇಲೆ ಕಾಗೆ, ಆಮೇಲೆ ನಾವು. ಓದಿ, ಹತ್ತು ಜನರಿಗೆ ಕಳಿಸಿ.”

ಆ ಗುಂಪಿನಲ್ಲಿ ಎಂಬತ್ತೇಳು ಜನ. ಅರ್ಧ ಊರಿನವರು, ಉಳಿದರ್ಧ ಮುಂಬೈ, ದುಬೈಗಳಲ್ಲಿ ಇದ್ದುಕೊಂಡು ಊರಿನ ಚಿಂತೆ ಮಾಡುವವರು. ಮಂಗಳನ ಅಂಗಳಕ್ಕೆ ಹೋದ ನೌಕೆ, ಪ್ಲಾಸ್ಟಿಕ್ ಅಕ್ಕಿ, ಪೆಟ್ರೋಲಿನ ರೇಟು, ಚಂದ್ರನಲ್ಲಿ ನೀರಿದೆಯೋ ಇಲ್ಲವೋ, ಎಲ್ಲವೂ ಅಲ್ಲಿ ದಿನಕ್ಕೆ ಎರಡು ಸಲ ತೀರ್ಮಾನವಾಗುತ್ತಿದ್ದವು. ಬೈಂದೂರು ಪೇಟೆಯಲ್ಲಿ ಫ್ಯಾನು, ಮಿಕ್ಸಿ ರಿಪೇರಿ ಮಾಡುವ ಸುಧಾಕರನಿಗೆ ಆ ಗುಂಪೆಂದರೆ ಪ್ರಾಣ. ವಿಜ್ಞಾನದಲ್ಲಿ ತಾನು ಯಾರಿಗೂ ಕಮ್ಮಿ ಇಲ್ಲ ಎಂಬ ಧೈರ್ಯ ಅವನಿಗೆ. ಇಲ್ಲದ್ದು ರೇಂಜು ಒಂದೇ.

ಅವನ ಮನೆಯಲ್ಲಿ ಸಿಗ್ನಲ್ಲೆಂಬುದು ಬರುತ್ತಲೇ ಇರಲಿಲ್ಲ. ಮನೆ ಹಿಂದಿನ ಮುರಕಲ್ಲಿನ ದಿಬ್ಬ ಹತ್ತಿ, ಗೇರುಮರದ ಬುಡದಲ್ಲಿ ಪಶ್ಚಿಮಕ್ಕೆ ಮುಖ ಮಾಡಿ ನಿಂತರೆ ಎರಡು ಕಡ್ಡಿ ಮೂಡುತ್ತಿತ್ತು. ಮನೆಯಲ್ಲಿ ಕುಳಿತು ಉತ್ತರ ಬರೆದು, ದಿಬ್ಬ ಹತ್ತಿ ಅದು ಹೋಗುವಷ್ಟರಲ್ಲಿ ಗುಂಪು ಬೇರೆಲ್ಲಿಗೋ ತಲುಪಿರುತ್ತಿತ್ತು. ಮಂಗಳ ನೌಕೆಯ ಬಗ್ಗೆ ಅವನು ಬರೆದ “ಕಕ್ಷೆ ಸೇರಿದರೆ ಇನ್ನು ಕೆಳಗೆ ಬೀಳುವ ಭಯವಿಲ್ಲ” ಎಂಬ ಮಾತು, ಬಂಗುಡೆ ಮೀನಿನ ರೇಟಿನ ಚರ್ಚೆಯ ನಡುವೆ ಹೋಗಿ ಬಿದ್ದಿತ್ತು. ಅದಕ್ಕೆ ದುಬೈಯವರು ಇಡೀ ದಿನ ನಕ್ಕಿದ್ದರು. ಪಕ್ಕದ ಮನೆಯ ಪ್ರೇಮಾನಂದರಿಗೆ ಈ ಕಷ್ಟವಿಲ್ಲ. ಮುಂಬೈಯಲ್ಲಿ ಹೋಟೆಲು ನಡೆಸಿ ಬಂದವರು, ಮನೆಗೆ ಲ್ಯಾಂಡ್‌ಲೈನು, ಬ್ರಾಡ್‌ಬ್ಯಾಂಡು ಎಲ್ಲ ಇತ್ತು. ಆರಾಮಕುರ್ಚಿಯಲ್ಲಿ ಒರಗಿಕೊಂಡೇ ಎಲ್ಲ ವಾದವನ್ನೂ ಗೆಲ್ಲುತ್ತಿದ್ದರು.

ಅದಕ್ಕೇ ಸುಧಾಕರ ಎರಡು ವರ್ಷ ಅರ್ಜಿ ಹಿಡಿದು ಓಡಾಡಿ, ಹಿತ್ತಲಿನ ನಾಲ್ಕು ಸೆಂಟ್ಸು ಜಾಗ ಬಿಟ್ಟುಕೊಟ್ಟು, ಮೊಬೈಲ್ ಕಂಪನಿಯವರಿಂದ ಟವರು ಹಾಕಿಸಿದ್ದ. ಟವರು ಎದ್ದು ಎರಡು ತಿಂಗಳಾಗಿತ್ತು. ಇವತ್ತು ಸಂಜೆ ನಾಲ್ಕಕ್ಕೆ ಇಂಜಿನಿಯರು ಬಂದು ಅದನ್ನು ಚಾಲೂ ಮಾಡಬೇಕು. ಆದರೆ ಪ್ರೇಮಾನಂದರ ಅಂಗಿ ಕಿಸೆಯಲ್ಲಿ ಊರವರು ಸಹಿ ಹಾಕಿದ ಆಕ್ಷೇಪಣೆ ಪತ್ರ ತಯಾರಾಗಿತ್ತು.

ಸುಧಾಕರ ಬೆಳಿಗ್ಗೆ ಬರಿಗಾಲಲ್ಲೇ ದಿಬ್ಬ ಹತ್ತಿ ಬರೆದ: “ಟವರು ಇನ್ನೂ ಚಾಲೂ ಆಗಿಲ್ಲ. ಆಗದ ಟವರಿಗೆ ವಿಕಿರಣ ಎಲ್ಲಿಂದ?”

ಪ್ರೇಮಾನಂದರ ಉತ್ತರ ಅವನು ಬೆವರು ಒರೆಸುವ ಮೊದಲೇ ಬಂತು: “ಸುನಾಮಿ ಬರುವ ಮೊದಲೇ ಆನೆಗಳು ಗುಡ್ಡ ಹತ್ತಿದ್ದವು. ಪ್ರಾಣಿಗಳಿಗೆ ಮೊದಲೇ ಗೊತ್ತಾಗುತ್ತದೆ. ನಮ್ಮ ಕೇರಿಯಲ್ಲಿ ತಿಂಗಳಿಂದ ಒಂದು ಕಾಗೆಯಾದರೂ ಇಳಿದದ್ದು ನೋಡಿದ್ದೀರಾ?”

ಎಂಟು ಜನ ಆ ಮಾತಿಗೆ ಹೆಬ್ಬೆರಳು ಎತ್ತಿದರು. ಸುಧಾಕರನಿಗೆ ಮೈಯೆಲ್ಲ ಉರಿಯಿತು. ಆ ಉರಿಯಲ್ಲಿ ಅವನು ಬರೆದುಬಿಟ್ಟ: “ಇವತ್ತು ನಮ್ಮ ಅಪ್ಪಯ್ಯನ ತಿಥಿ. ಕಾಗೆ ಬಂದು ಎಡೆ ಮುಟ್ಟಿದ ಫೋಟೋ ಹಾಕುತ್ತೇನೆ. ಬರದಿದ್ದರೆ ನಾನೇ ಇಂಜಿನಿಯರಿಗೆ ಟವರು ಬಿಚ್ಚಿ ತೆಗೆದುಕೊಂಡು ಹೋಗಿ ಎನ್ನುತ್ತೇನೆ.”

ದಿಬ್ಬ ಇಳಿಯುವಾಗ ಅವನಿಗೆ ನೆನಪಾಯಿತು, ಕಾಗೆ ನೋಡದೆ ನಿಜಕ್ಕೂ ಬಹಳ ದಿನವಾಗಿತ್ತು.

ಹನ್ನೆರಡೂವರೆಗೆ ಅಂಗಳದ ಮೂಲೆಯಲ್ಲಿ ಬಾಳೆಲೆ ಹಾಸಿ ಎಡೆ ಇಟ್ಟರು. ಕುಚ್ಚಲಕ್ಕಿ ಅನ್ನ, ಕೋಳಿ ಸಾರು, ಉದ್ದಿನ ರೊಟ್ಟಿ, ಎರಡು ಹುರಿದ ಬಂಗುಡೆ. ಸುಧಾಕರ ಕೈ ತಟ್ಟಿ “ಕಾ, ಕಾ” ಎಂದು ಕರೆದ. ನೆಂಟರು, ನೆರೆಯವರು ಸೇರಿ ಇಪ್ಪತ್ತು ಜನ ಜಗಲಿಯಲ್ಲಿ ಕುಳಿತು ಆಕಾಶ ನೋಡಿದರು. ಕಾಗೆ ಮುಟ್ಟದೆ ಯಾರಿಗೂ ಊಟವಿಲ್ಲ. ಒಂದು ಗಂಟೆಯಾಯಿತು, ಒಂದೂಕಾಲಾಯಿತು. ಮೋಡವೂ ಆ ಕಡೆ ಸುಳಿಯಲಿಲ್ಲ.

ಪ್ರೇಮಾನಂದರು ಫೋನು ಹಿಡಿದೇ ಕುಳಿತಿದ್ದರು. “ನಾ ಫೋನ್ ಬಿಡುಕಾತಿಲ್ಲೆ ಮಾರಾಯ. ಮುಂಬೈಯಂಗೆ ನಮ್ ಮಗ್ಳ್ ಸುಪ್ರೀತಂಗೆ ದಿನ ತುಂಬಿತ್ತ್. ಯಾವ ಗಳ್ಗೆಗೆ ಸುದ್ದಿ ಬತ್ತೋ,” ಎಂದು ಹೇಳಿ, ಹಾಗೇ ಖಾಲಿ ಅಂಗಳದ ಒಂದು ಫೋಟೋ ತೆಗೆದರು. ಅವರ ಮನೆಯ ವೈಫೈ ಈ ಜಗಲಿಯ ತುದಿಯ ಒಂದು ಕುರ್ಚಿಗೆ ಮಾತ್ರ ಸಿಗುತ್ತಿತ್ತು. ಆ ಕುರ್ಚಿಯಲ್ಲಿ ಅವರೇ ಕುಳಿತಿದ್ದರು. ಅದರ ಪಾಸ್‌ವರ್ಡನ್ನು ಅವರು ಹೆಂಡತಿಗೂ ಹೇಳಿದವರಲ್ಲ.

“ಚಂದಯ್ಯಣ್ಣಂಗೆ ಎಂತದೋ ಆಸಿ ಉಳ್ದಿತ್ತ್. ಅದಕ್ಕೇ ಕಾಕಿ ಬತ್ತಿಲ್ಲೆ,” ಎಂದಳು ಕೆಳಗಿನ ಮನೆಯ ಗುಲಾಬಕ್ಕ.

“ಎಂತ ಆಸಿ ಗುಲಾಬಕ್ಕ?” ಎಂದ ಸುಧಾಕರ.

“ಈ ಬೇಲಿ ತೆಗ್ದ್, ನಮ್ಗೆಲ್ಲ ದಿಬ್ಬದ್ ಬದಿಗ್ ಹೋಪುಕೊಂದ್ ದಾರಿ ಬಿಡ್ಕ್ ಅಂದ್ಹೇಳಿ ಅವ್ರಿಗ್ ಬಾಳ ಇತ್ತ್. ನನ್ನತ್ರ ಎಷ್ಟ್ ಸಲ ಹೇಳಿರ್.”

ಅಪ್ಪಯ್ಯ ಚಂದಯ್ಯ ಬದುಕಿದ್ದಾಗ ಆ ಬೇಲಿ ಮುಟ್ಟಿದವರನ್ನು ಕತ್ತಿ ಹಿಡಿದು ಅಟ್ಟಿಸಿಕೊಂಡು ಹೋಗಿದ್ದು ಸುಧಾಕರನಿಗೆ ಚೆನ್ನಾಗಿ ನೆನಪಿತ್ತು. ಆದರೆ ಗಂಟೆ ಒಂದೂವರೆ. ಅವನು ಕತ್ತಿ ತಂದು ಬೇಲಿ ಕಡಿದು ದಾರಿ ಮಾಡಿದ. ಈಗ ಪ್ರೇಮಾನಂದರ ಅಂಗಳದಿಂದ ನೇರ ದಿಬ್ಬದ ಬುಡಕ್ಕೆ ಎರಡು ನಿಮಿಷದ ದಾರಿ. ಕಾಗೆ ಬರಲಿಲ್ಲ. ಗುಲಾಬಕ್ಕನ ಎರಡು ಆಡು ಬಂದವು.

“ಬೀಡಿ ಇಡಿ ಕಾಂಬ,” ಎಂದಳು ಅವನ ತಾಯಿ ಜಲಜಮ್ಮ. ಬೀಡಿ ಹಚ್ಚಿ ಎಲೆಯ ತುದಿಯಲ್ಲಿ ಇಟ್ಟರು. ಬೀಡಿ ತನ್ನಷ್ಟಕ್ಕೆ ಉರಿದು ಮುಗಿಯಿತು. ಅಷ್ಟರಲ್ಲಿ ಯಾವುದೋ ಬೆಕ್ಕು ಒಂದು ಬಂಗುಡೆ ಕಚ್ಚಿಕೊಂಡು ಓಡಿತು. ಪ್ರೇಮಾನಂದರು ಅದರ ಫೋಟೋವನ್ನೂ ತೆಗೆದು ಗುಂಪಿಗೆ ಹಾಕಿ, “ಬೆಕ್ಕಿಗೆ ವಿಕಿರಣ ತಾಗುದಿಲ್ಲೆ ಅಂದ್ ಕಾಣತ್ತ್,” ಎಂದರು. ಹಸಿದ ನೆಂಟರೂ ನಕ್ಕರು.

ಆ ನಗು ಸುಧಾಕರನಿಗೆ ತಡೆಯಲಾಗಲಿಲ್ಲ. ಪಂಚೆ ಎತ್ತಿ ಕಟ್ಟಿದ. “ಕಾಕಿ ಬಪ್ಪಲ್ಲಿವರಿಗೆ ನಾ ಸುಮ್ನೆ ಕೂಕಂತಿಲ್ಲೆ,” ಎಂದವನೇ ಗುಲಾಬಕ್ಕನ ಮನೆಯಿಂದ ಒಂದು ಮುಷ್ಟಿ ಒಣಮೀನು ಈಸಿಕೊಂಡು, ಏಣಿ ಇಟ್ಟು ಮನೆಯ ಮಾಡು ಹತ್ತಿದ. ಎತ್ತರದಲ್ಲಿ ವಾಸನೆ ದೂರ ಹೋಗುತ್ತದೆ ಎಂಬುದು ಅವನ ವಿಜ್ಞಾನ. ಮೂರು ಹೆಂಚು ಒಡೆದು, ನಾಲ್ಕನೆಯದರ ಮೇಲೆ ಕಾಲಿಟ್ಟಾಗ ಕಣ್ಣಿಗೆ ಫಳ್ಳನೆ ಏನೋ ಹೊಡೆಯಿತು. ಕಣ್ಣು ಕತ್ತಲಿಟ್ಟು, ಜಾರಿ, ಮಾಡಿನ ಪಕಾಸಿಯ ಮರ ತಬ್ಬಿಕೊಂಡು ನೇತಾಡಿದ.

ನೇತಾಡುತ್ತಲೇ ಕಣ್ಣು ಬಿಟ್ಟು ನೋಡಿದರೆ, ಎದುರಿಗೆ ದಾರದಲ್ಲಿ ಒಂದು ಹಳೆ ಸೀಡಿ ಬಿಸಿಲಿಗೆ ತಿರುಗುತ್ತಿತ್ತು. ಅದರ ಪಕ್ಕ ಇನ್ನೊಂದು, ಆಚೆ ಮತ್ತೊಂದು. ಒಟ್ಟು ಹನ್ನೆರಡು. ಕಟ್ಟಿದವನು ಅವನೇ. ತಿಂಗಳ ಹಿಂದೆ ಹಲಸಿನ ಹಪ್ಪಳ ಒಣಗಿಸುವ ಸಮಯದಲ್ಲಿ, “ಹಳೆ ಸೀಡಿ ಎಸೆಯಬೇಡಿ. ಅಂಗಳದಲ್ಲಿ ತೂಗುಹಾಕಿ. ಬೆಳಕಿನ ಪ್ರತಿಫಲನಕ್ಕೆ ಕಾಗೆ ಹತ್ತಿರ ಸುಳಿಯುವುದಿಲ್ಲ” ಎಂದು ಅವನೇ ಗುಂಪಿಗೆ ಹಾಕಿದ್ದ. ಆ ಗುಂಪಿನಲ್ಲಿ ಅವನ ಮಾತನ್ನು ಎಲ್ಲರೂ ಒಪ್ಪಿದ್ದು ಅದೊಂದೇ ಸಲ. ಕೇರಿಯ ಎಲ್ಲ ಮನೆಗಳಲ್ಲೂ ಸೀಡಿ ನೇತುಬಿದ್ದಿದ್ದವು. ಪ್ರೇಮಾನಂದರ ಮನೆಯಲ್ಲಿ ಹದಿನಾರಿದ್ದವು.

ಕೆಳಗಿಳಿದು ಅವನು ಒಂದೊಂದೇ ದಾರ ಕೊಯ್ದ. ಗುಲಾಬಕ್ಕ ತನ್ನ ಮನೆಯದನ್ನು ತೆಗೆದಳು. ಪ್ರೇಮಾನಂದರು ಮಾತ್ರ ಕುರ್ಚಿ ಬಿಟ್ಟು ಏಳಲಿಲ್ಲ.

“ಸೀಡಿಗೂ ಕಾಕಿಗೂ ಎಂತ ಸಂಬಂಧ ಮಾರಾಯ? ನೀ ಟವರಿನ್ ತಪ್ಪ್ ಸೀಡಿ ಮೇಲ್ ಹಾಕ್ಬೇಡ.”

ಇಷ್ಟು ಹೊತ್ತು ಒಳಗೆ ಸಾರು ಬಿಸಿ ಮಾಡುತ್ತಿದ್ದ ಸುಧಾಕರನ ಹೆಂಡತಿ ಕುಸುಮ ತನ್ನ ಫೋನು ಹಿಡಿದು ಹೊರಗೆ ಬಂದಳು. “ಪ್ರೇಮಾನಂದಣ್ಣ, ಇದ್ ನೀವೇ ಬರ್ದದ್ದಲ್ದಾ? ‘ಸೀಡಿ ಕಟ್ಟಿದೆ. ಒಂದು ಕಾಗೆಯೂ ಇಲ್ಲ. ವಿಜ್ಞಾನಕ್ಕೆ ಜಯವಾಗಲಿ.’ ಏಪ್ರಿಲ್ ಹನ್ನೆರಡ್ನೇ ತಾರೀಕ್.”

ಪ್ರೇಮಾನಂದರು ಕನ್ನಡಕ ಹಾಕಿ ಎರಡು ಸಲ ಓದಿದರು. ಆಮೇಲೆ ಎದ್ದು ಹೋಗಿ ಹದಿನಾರೂ ಸೀಡಿ ಬಿಚ್ಚಿದರು.

ಐದು ನಿಮಿಷವಾಗಿರಬಹುದು. ಎಲ್ಲೋ ಮೇಲಿನಿಂದ “ಕಾ” ಎಂದು ಕೇಳಿಸಿತು. ಟವರಿನ ತುತ್ತತುದಿಯಿಂದ ಒಂದು ಕಾಗೆ ಇಳಿದು, ಬಾಳೆಲೆಯ ಸುತ್ತ ಎರಡು ಹೆಜ್ಜೆ ನಡೆದು, ಉಳಿದ ಬಂಗುಡೆಯನ್ನೇ ಎತ್ತಿಕೊಂಡಿತು. ಜಲಜಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡಳು. “ಬಂಗ್ಡಿ ಬಿಟ್ರ್ಯಾ? ಅವ್ರೇ. ಮೊದ್ಲ್ ಮೀನಿಗೇ ಕೈ ಹಾಕೂದ್,” ಎಂದಳು. ಸುಧಾಕರ ಕಾಗೆಯ ಫೋಟೋ ತೆಗೆದು, ತಾನೂ ಕಣ್ಣು ಒರೆಸಿಕೊಂಡ. ಅಪ್ಪಯ್ಯ ಬಂದರೆಂದೋ, ವಾದ ಗೆದ್ದೆನೆಂದೋ ಅವನಿಗೇ ಗೊತ್ತಾಗಲಿಲ್ಲ.

ಕಾಗೆ ಬಂಗುಡೆ ಕಚ್ಚಿಕೊಂಡು ಹಿಂದಿರುಗಿ ಟವರಿನ ತುದಿಗೇ ಹಾರಿತು. ಸುಧಾಕರ ಅದರದೂ ಒಂದು ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದ. ಅಲ್ಲಿ ಕಡ್ಡಿ, ತಂತಿ ಸೇರಿಸಿ ಕಟ್ಟಿದ ಗೂಡು, ಗೂಡಿನ ಅಂಚಿನಲ್ಲಿ ಬಾಯಿ ತೆರೆದ ಎರಡು ಮರಿ. ಅವನು ಊಟವನ್ನೂ ಮರೆತು ದಿಬ್ಬಕ್ಕೆ ಓಡಿ ಎರಡೂ ಫೋಟೋ ಹಾಕಿದ. “ಟವರಿಗೆ ಹೆದರಿ ಓಡಿದ ಕಾಗೆಯ ಮನೆ ಎಲ್ಲಿದೆ ನೋಡಿ. ಟವರಿನ ಮೇಲೆ!”

ದುಬೈ ಚಪ್ಪಾಳೆ ತಟ್ಟಿತು. ಮುಂಬೈ ಹೂಗುಚ್ಛ ಕಳಿಸಿತು. ಪ್ರೇಮಾನಂದರು ಜೀವಮಾನದಲ್ಲಿ ಮೊದಲ ಬಾರಿಗೆ “ಒಪ್ಪಿದೆ” ಎಂದು ಬರೆದು, ಊಟಕ್ಕೆ ಕುಳಿತಲ್ಲೇ ಆಕ್ಷೇಪಣೆ ಪತ್ರವನ್ನು ಹರಿದರು.

ನಾಲ್ಕಕ್ಕೆ ಸರಿಯಾಗಿ ಇಂಜಿನಿಯರು ರತನ್ ಬೈಕಿನಲ್ಲಿ ಬಂದ. “ಆಕ್ಷೇಪಣೆ ಎಂತದೂ ಇಲ್ಲೆ ಅಲ್ದಾ? ಇನ್ನ್ ಹತ್ತ್ ನಿಮಿಷಕ್ಕೆ ನಿಮ್ಗೆ ಮನಿ ಒಳ್ಗೇ ಫುಲ್ ಕಡ್ಡಿ,” ಎನ್ನುತ್ತ ಟವರಿನ ಬೇಲಿಯ ಬೀಗ ತೆಗೆದ. ಸುಧಾಕರ ಫೋನನ್ನು ಅಂಗೈಯಲ್ಲಿ ಹಿಡಿದು ಕಾದು ನಿಂತ.

ಜಲಜಮ್ಮ ಕೋಲೂರಿಕೊಂಡು ಬಂದು, ಟವರಿನ ಬುಡದ ಸ್ವಿಚ್ಚು ಪೆಟ್ಟಿಗೆಯ ಬಾಗಿಲಿಗೆ ಬೆನ್ನು ಕೊಟ್ಟು ಕುಳಿತಳು.

“ಎಂತ ಮಾಡ್ತಾ ಇದ್ದೆ ಮಗ?”

“ಚಾಲೂ ಮಾಡೂದ್ ಅಬ್ಬಿ.”

“ಮೇಲ್ ನಿನ್ನಪ್ಪಯ್ಯ ಇದ್ರಲ್ದಾ?”

“ಅಬ್ಬಿ, ಅದೊಂದ್ ಕಾಕಿ.”

“ಹೌದಾ? ಹಂಗಾರೆ ಮಧ್ಯಾಹ್ನ ಉಂಡದ್ದ್ ಯಾರ್? ಯಾರನ್ ಕಂಡ್ ಇಷ್ಟ್ ಜನ ಎಲಿ ಮುಂದ್ ಕೂಕಂಡದ್ದ್?”

ಸುಧಾಕರ ಸುತ್ತ ನೋಡಿದ. ಇಪ್ಪತ್ತು ಜನರೂ ಊಟ ಮುಗಿಸಿ ಅಲ್ಲೇ ನಿಂತಿದ್ದರು. ಮಧ್ಯಾಹ್ನ ಬಂದದ್ದು ಬರೀ ಕಾಗೆ ಎಂದು ಅವರೆದುರು ಹೇಳುವ ಧೈರ್ಯ ಅವನಿಗೆ ಬರಲಿಲ್ಲ. “ಅದ್ರಿಂದ ಎಂತದೂ ಆತಿಲ್ಲೆ ಅಬ್ಬಿ. ಬೆಳ್ಗಿಂದ ಅದನ್ನೇ ಹೇಳ್ತಾ ಇಪ್ಪುದ್,” ಎಂದ.

“ಆತಿಲ್ಲೆ ಅಂಬುದ್ ನಿಂಗ್ ಗೊತ್ತ್. ಅವ್ರಿಗೆ ಗೊತ್ತಾ? ಬದ್ಕಿಪ್ಪತಿಗೆ ನೀ ರಿಪೇರಿ ಮಾಡಿದ್ ಫ್ಯಾನಿನ್ ಅಡಿಗೇ ಅವ್ರ್ ಕೂಕಂತಿರ್ಲಿಲ್ಲೆ.”

“ಗೂಡಂಗೆ ಮಕ್ಳ್ ಬೇರೆ ಇದ್ದೊ,” ಎಂದಳು ಗುಲಾಬಕ್ಕ.

“ಮರಿ ಹಾರುಕೆ ಎಷ್ಟ್ ದಿನ ಬೇಕ್?” ಎಂದು ರತನ್ ಕೇಳಿದ.

“ಹಾರಿರೂ ಬಪ್ವರ್ಷ ಅಲ್ಲೇ ಗೂಡ್ ಕಟ್ತೊ,” ಎಂದರು ಪ್ರೇಮಾನಂದರು. ಅವರ ಮುಖದಲ್ಲಿ ಬಹಳ ಮರುಕವಿತ್ತು.

ರತನ್ ಇಪ್ಪತ್ತೊಂದನೆಯವನಾಗಿ ತಲೆ ಎತ್ತಿ ಮೇಲೆ ನೋಡಿ, ಚಪ್ಪಲಿ ಬಿಚ್ಚಿ ಕೈ ಮುಗಿದ. “ಇದ್ ನಮ್ ಕೈಯಂಗೆ ಆಪುದಲ್ಲ. ಅಮ್ಮ ಒಪ್ಪಿರೆ ಫೋನ್ ಮಾಡಿ,” ಎಂದು ಬೀಗ ಹಾಕಿದ. ಮಾಡುವುದಾದರೂ ಎಲ್ಲಿಂದ ಎಂದುಕೊಂಡು ಸುಧಾಕರ ದಿಬ್ಬದ ಕಡೆ ನೋಡಿದ.

ಸಂಜೆ ಅವನು ಮತ್ತೆ ದಿಬ್ಬ ಹತ್ತಿದ. ಗುಂಪಿನಲ್ಲಿ ಆಗಲೇ ಒಂದು ಬರಹ ಬಂದಿತ್ತು, ಅವನದೇ ಫೋಟೋದೊಂದಿಗೆ: “ಕರಾವಳಿಯ ಮಹಾನ್ ಪುತ್ರ. ತಂದೆಯ ಆತ್ಮಕ್ಕೆ ನೋವಾಗಬಾರದೆಂದು ತಾನೇ ಹಾಕಿಸಿದ ಟವರನ್ನು ಶಾಶ್ವತವಾಗಿ ನಿಲ್ಲಿಸಿದ ವಿಜ್ಞಾನಿ ಸುಧಾಕರ. ಹತ್ತು ಜನರಿಗೆ ಕಳಿಸಿ.” ‘ಶಾಶ್ವತವಾಗಿ’ ಎಂಬುದನ್ನು ಅವನು ಮತ್ತೊಮ್ಮೆ ಓದಿದ. ಇದನ್ನು ಈಗಲೇ ತಡೆಯದಿದ್ದರೆ ಸಾಯುವವರೆಗೂ ಈ ದಿಬ್ಬವೇ ಗತಿ. ಹಲ್ಲು ಕಚ್ಚಿ ಬರೆದ: “ಇದು ಶುದ್ಧ ಸುಳ್ಳು. ಯಾರೂ ನಂಬಬೇಡಿ. ಇದರ ಹಿಂದೆ ಪ್ರೇಮಾನಂದಣ್ಣನ ಕೈವಾಡವಿದೆ.”

ಕಳಿಸು ಎಂದು ಒತ್ತಿದ. ಗಡಿಯಾರದ ಗುರುತು ಕಾಣಿಸಿತು. ಎರಡು ಕಡ್ಡಿ ಒಂದಾಯಿತು, ಒಂದು ಇಲ್ಲವಾಯಿತು. ಅವನು ಫೋನನ್ನು ತಲೆಯ ಮೇಲೆ ಎತ್ತಿ ಹಿಡಿದು, ಗೇರುಮರದ ಕೊಂಬೆ ಹತ್ತಿ, ಇನ್ನೊಂದು ಕೊಂಬೆಗೆ ದಾಟಿ, ಅಂತೂ ಹತ್ತು ನಿಮಿಷದ ಮೇಲೆ ಅದನ್ನು ಕಳಿಸಿಯೇ ಬಿಟ್ಟ. ಇವತ್ತು ಯಾವುದಕ್ಕೂ ಸೋತವನಲ್ಲ ಎಂದು ನಿಟ್ಟುಸಿರು ಬಿಟ್ಟು, ಅದು ಹೇಗೆ ಕಾಣುತ್ತದೆಂದು ನೋಡಿದ.

ಆ ಹತ್ತು ನಿಮಿಷದಲ್ಲಿ ಗುಂಪು ಮುಂದೆ ಹೋಗಿತ್ತು. ಅವನ ಮಾತಿನ ನೇರ ಮೇಲೆ ಪ್ರೇಮಾನಂದರು ಬರೆದಿದ್ದರು: “ಶುಭ ಸುದ್ದಿ. ನಮ್ಮ ಸುಪ್ರೀತಾಳಿಗೆ ಗಂಡುಮಗು. ಮಗುವಿಗೆ ಎಲ್ಲರೂ ಆಶೀರ್ವಾದ ಮಾಡಿ.”

ಅದರ ಕೆಳಗೆ ಸುಧಾಕರನದು: “ಇದು ಶುದ್ಧ ಸುಳ್ಳು. ಯಾರೂ ನಂಬಬೇಡಿ. ಇದರ ಹಿಂದೆ ಪ್ರೇಮಾನಂದಣ್ಣನ ಕೈವಾಡವಿದೆ.”

ಕೆಳಗೆ ಪ್ರೇಮಾನಂದರ ಮನೆಯ ಬಾಗಿಲು ದಡಾರನೆ ತೆರೆದದ್ದು ಕೇಳಿಸಿತು. ಮೊದಲಾದರೆ ಅವರು ರಸ್ತೆ ಸುತ್ತಿ ದಿಬ್ಬಕ್ಕೆ ಬರಲು ಕಾಲು ಗಂಟೆ ಬೇಕಿತ್ತು. ಈಗ ಬೇಲಿ ಇರಲಿಲ್ಲ.