ಗಂಡನ ಹೆಸರಿನ ಬಳಿ ಜಾಲಪುಟ ನಿಂತುಹೋಗುವ ಬಗ್ಗೆ

ಗಣಕ ಶಾಖೆ, ನಾಗಮಂಗಲ
(ಯಾವ ಇಲಾಖೆಗೆ ಸೇರಿದ್ದೆಂಬುದು ಪರಿಶೀಲನೆಯಲ್ಲಿದೆ)

ಸಂಖ್ಯೆ: ಗಶಾ/ಇಲ್ಲ/ಹೊಣಕೆರೆ/1999-2000

ವಿಷಯ: ಮಿಶ್ರತಳಿ ಹಸು ಪಡೆಯುವ ಮಹಿಳೆಯರ ಜಾಲಪುಟದಲ್ಲಿ, ಇಲ್ಲದ ಗಂಡಂದಿರನ್ನು ನಿಭಾಯಿಸುವ ಕುರಿತು.

ಉಲ್ಲೇಖ: ಪಾಂಡವಪುರ ಶಾಖೆಯವರ ನಗು, ದೂರವಾಣಿ ಮೂಲಕ.

ತಾಲ್ಲೂಕಿನ ಆಡಳಿತ ಚರಿತ್ರೆಯಲ್ಲಿ ಇದುವರೆಗೆ ಕಂಡರಿಯದ ಗಂಭೀರ ಪರಿಸ್ಥಿತಿಯೊಂದು ಒಂದು ಚುಕ್ಕೆಯಿಂದ ಉದ್ಭವಿಸಿರುವುದನ್ನು ಸಮಸ್ತ ಸಿಬ್ಬಂದಿಯ ಗಮನಕ್ಕೆ ತರಲಾಗಿದೆ.

ಕೆಳಸಹಿದಾರರಾದ ಸೋಮಯ್ಯನವರು ಮೈಸೂರಿನಲ್ಲಿ ತರಬೇತಿ ಮುಗಿಸಿ ಬಂದ ಹುರುಪಿನಲ್ಲಿ ಹೊಣಕೆರೆ ಹೋಬಳಿಯ ಪಟ್ಟಿಗೆ ತಾವೇ ಪುಟದ ಅಚ್ಚು (ಟೆಂಪ್ಲೇಟ್) ಬರೆದರು. ಅದರಲ್ಲಿ 'ಫಲಾನುಭವಿ.ಗಂಡ.ಹೆಸರು' ಎಂದಿದ್ದರೆ ಯಂತ್ರವು ಹೆಂಗಸನ್ನು ಹುಡುಕಿ, ಚುಕ್ಕೆ ದಾಟಿ ಆಕೆಯ ಗಂಡನನ್ನು ಹಿಡಿದು, ಆತನ ಹೆಸರನ್ನು ಪುಟದಲ್ಲಿ ಮೂಡಿಸತಕ್ಕದ್ದು. ಗಂಡನ ದಾಖಲೆಯೇ ಇಲ್ಲದಲ್ಲಿ ಯಂತ್ರದ ಕೈಗೆ 'ನಲ್' ಸಿಗುತ್ತದೆ. ನಲ್ ಎಂದರೆ ಹೆಸರು ಖಾಲಿ ಎಂದಲ್ಲ, ಹೆಸರು ಕೇಳಲು ಆಸಾಮಿಯೇ ಇಲ್ಲ ಎಂದು. ಆಗ ಯಂತ್ರವು ಅಲ್ಲೇ ಕುಕ್ಕರಿಸುತ್ತದೆ. ಕೆಳಗಿನ ಸಾಲುಗಳೂ ಬರುವುದಿಲ್ಲ.

ಮೊದಲ ಸಾಲು ಶ್ರೀಮತಿ ಚಿಕ್ಕಬೋರಮ್ಮನವರದು. ಅರ್ಜಿ ತುಂಬುವಾಗ ಗಂಡನ ಹೆಸರು ಕೇಳಲಾಗಿ, ಅವರು "ಥೂ, ಅವ್ರೆಸ್ರ ನಾನೆಂಗೇಳ್ಲಪ್ಪ!" ಎಂದು ಬಾಯಿಗೆ ಸೆರಗು ಅಡ್ಡ ಹಿಡಿದಿದ್ದು, ಸೋಮಯ್ಯನವರು ಜಾಗ ಬಿಟ್ಟು ಮುಂದೆ ಹೋಗಿದ್ದರು. ಪರಿಣಾಮವಾಗಿ ಪುಟದಲ್ಲಿ ತಲೆಬರಹ ಮಾತ್ರ ಬಂದಿರುತ್ತದೆ. ಶನಿವಾರ ಸಂಜೆಯೊಳಗೆ ಪುಟ ಬಾರದಿದ್ದಲ್ಲಿ ಹೋಬಳಿಯ ಹಸುಗಳು ಪಾಂಡವಪುರಕ್ಕೆ ಹೋಗತಕ್ಕದ್ದು. ಚಿಕ್ಕಬೋರಮ್ಮನವರು ಆಗಲೇ ಕೊಟ್ಟಿಗೆಯಲ್ಲಿ ಗೂಟ ಹೊಡೆಸಿ, ಹಗ್ಗ ಹೊಸೆದಿಟ್ಟಿರುವುದಾಗಿ ವರದಿಯಾಗಿದೆ.

ಆದಕಾರಣ ಈ ಕೆಳಕಂಡಂತೆ ಆದೇಶಿಸಲಾಗಿದೆ:

1. ಹೆಸರು ಕೇಳುವ ಮುನ್ನ, ಗಂಡ ಇದ್ದಾನೆಯೇ ಎಂದು ಪರೀಕ್ಷಿಸತಕ್ಕದ್ದು. ಈ ಪ್ರಶ್ನೆಯನ್ನು ಯಂತ್ರಕ್ಕೆ ಮಾತ್ರ ಹಾಕತಕ್ಕದ್ದು. ಸೋಮಯ್ಯನವರು ಇದನ್ನು ಖುದ್ದಾಗಿ ಚಿಕ್ಕಬೋರಮ್ಮನವರಿಗೇ ಹಾಕಲಾಗಿ, "ನಿನ್ ಬಾಯಲ್ಲಿ ಒಳ್ಳೆ ಮಾತು ಬರಾಕಿಲ್ವಾ? ಅಣೆ ಮ್ಯಾಲಿನ ಕುಂಕ್ಮ ಕಾಣಾಕಿಲ್ವಾ?" ಎಂಬ ಉತ್ತರ ಸ್ವೀಕೃತವಾಗಿರುತ್ತದೆ.

2. ಯಂತ್ರವು ಇಲ್ಲವೆಂದಲ್ಲಿ, ಪುಟದಲ್ಲಿ 'ಇಲ್ಲ' ಎಂದು ಮೂಡಿಸಕೂಡದು. ಕಾರಣ ಮೇಲಿನದೇ.

3. ಅಂಥ ಕಡೆ ಒಬ್ಬ ಪ್ರಭಾರ ಗಂಡನನ್ನು ನೇಮಿಸುವುದು ತಾಂತ್ರಿಕವಾಗಿ ಸರಿಯಾದ ಕ್ರಮವೆಂದು ತರಬೇತಿಯಲ್ಲಿ ಹೇಳಲಾಗಿತ್ತು. ಅದರಂತೆ, ಖಾಲಿ ಇದ್ದ ಕಡೆಯಲ್ಲೆಲ್ಲ ಶಾಖೆಯ ಜವಾನ, ಅವಿವಾಹಿತ ದೇವಯ್ಯನನ್ನು ನಿಲ್ಲಿಸಲಾಯಿತು. ಪುಟ ಪೂರ್ತಿ ಬಂತು. ಸೋಮಯ್ಯನವರು ಸಂತೋಷದಿಂದ ಅದನ್ನು ಮುದ್ರಿಸಿ ಸೂಚನಾ ಫಲಕಕ್ಕೆ ಅಂಟಿಸಿ ಕಾಫಿಗೆ ಹೋದರು. ಹಿಂದಿರುಗುವಷ್ಟರಲ್ಲಿ ದೇವಯ್ಯನ ತಾಯಿ ಮಾರಮ್ಮ ಹಾಜರಿದ್ದರು. "ನನ್ ಮಗಂಗೆ ಶೀಳನೆರೆ ಕಡೆ ಒಂದೆಣ್ಣು ಕುದುರ್ದೆ ನಾನು ಅಲೀತಾ ಇವ್ನಿ, ನೀನು ಇಡೀ ಓಬ್ಳಿನೇ ಅವ್ನಿಗೆ ಕಟ್ಬುಟ್ಟಲ್ಲೋ ಸೋಮಯ್ಯ!" ಕ್ರಮವನ್ನು ಹಿಂಪಡೆಯಲಾಗಿದೆ. ಪ್ರಭಾರ ಭತ್ಯೆ ಕೋರಿದ ದೇವಯ್ಯನ ಮನವಿಯನ್ನು ತಿರಸ್ಕರಿಸಲಾಗಿದೆ.

4. ಗಂಡನ ಹೆಸರನ್ನು ಪಕ್ಕದಲ್ಲಿ ನಿಂತ ಹೆಂಗಸಿನಿಂದ ಪಡೆಯಬಹುದು. ಆದರೆ ಪಕ್ಕದಲ್ಲಿ ನಿಂತದ್ದು ಚಿಕ್ಕಬೋರಮ್ಮನವರ ವಾರಗಿತ್ತಿ ಪುಟ್ಟಗೌರಮ್ಮ. "ಭಾವ್ನೋರೆಸ್ರ ನಾನೇಳಾದಾ? ಸರಿಯೋಯ್ತು ಬುಡಿ" ಎಂದು ಅವರೂ ಸೆರಗನ್ನು ಬಾಯಿಗೆ ಹಿಡಿದಿರುತ್ತಾರೆ.

5. ಶನಿವಾರ ಮಧ್ಯಾಹ್ನ ಚಿಕ್ಕಬೋರಮ್ಮನವರ ಕಣ್ಣಲ್ಲಿ ನೀರಾಡಿದ್ದು ಕಂಡುಬಂದಿದೆ. "ಅಲ್ಲ ಕಣಪ್ಪ, ಅಗೋ ಒಂಗೆ ಮರದಡಿ ಕುಂತವ್ರಲ್ಲ, ಅವ್ರನ್ನೇ ಕೇಳಬಾರ್ದಾ?" ಎಂದು ಅವರು ಕಿಟಕಿಯತ್ತ ಕೈ ತೋರಿದರು. ಸೋಮಯ್ಯನವರು ಹೊರಗೆ ಹೋಗಿ ವಿಚಾರಿಸಲಾಗಿ, ಸದರಿ ವ್ಯಕ್ತಿಯು ಬೀಡಿ ಆರಿಸಿ, "ಒನ್ನಪ್ಪ ಅಂತವ. ಅರ್ಜಿ ಕೊಟ್ಟ ದಿನದಿಂದ್ಲೂ ಇಲ್ಲೇ ಕುಂತ್ಕತಾವ್ನಿ. ಯಾರೂ ಕೇಳ್ನಿಲ್ವಲ್ಲ ಸ್ವಾಮಿ" ಎಂದು ಹೇಳಿಕೆ ನೀಡಿದರು. ಸೋಮಯ್ಯನವರು ಓಡಿಬಂದು ಹೆಸರು ಒತ್ತಿದರು. ಪುಟ ಎರಡನೇ ಸಾಲಿನಲ್ಲಿ, ತಮ್ಮ ಗಂಡನ ಹೆಸರನ್ನೂ ಹೇಳದಿದ್ದ ಪುಟ್ಟಗೌರಮ್ಮನವರ ಬಳಿ ನಿಂತಿತು. ಅವರ ಗಂಡ ಹೊನ್ನಪ್ಪನವರ ಪಕ್ಕದಲ್ಲೇ ಕುಳಿತಿದ್ದರು. ಹೋಬಳಿಯ ಉಳಿದ ಗಂಡಂದಿರೂ ಅಲ್ಲಿಯೇ ಇದ್ದರೆಂದು, ತದನಂತರ ಅನೇಕ ಬಾರಿ ಓಡಿದ ಮೇಲೆ ದೃಢಪಟ್ಟಿದೆ.

6. ಇನ್ನು ಮುಂದೆ, ಯಂತ್ರವು ಯಾರನ್ನಾದರೂ ಇಲ್ಲವೆಂದಾಗ, ತರಬೇತಿ ಪಡೆದವರು ಮೊದಲು ಕುರ್ಚಿಯಿಂದ ಏಳತಕ್ಕದ್ದು.

ಸಹಿ/-
(ಸೋಮಯ್ಯ)
ಗಣಕ ಶಾಖೆಯ ಪರವಾಗಿ, ಏದುಸಿರಿನೊಂದಿಗೆ

ಪ್ರತಿಗಳು:
ಶ್ರೀರಂಗಪಟ್ಟಣ ಹಾಗೂ ಕೃಷ್ಣರಾಜಪೇಟೆ ಶಾಖೆಗಳಿಗೆ, ಇಂಥದ್ದೇ ಅಚ್ಚು ಬರೆಯುವ ಮುನ್ನ ಓದಲು.
ಪಾಂಡವಪುರ ಶಾಖೆಗೆ, ನಗುವನ್ನು ಮುಕ್ತಾಯಗೊಳಿಸಲು ಕೋರಿ.
ಶ್ರೀಮತಿ ಮಾರಮ್ಮನವರಿಗೆ, ಅವರ ಮಗ ಸಂಪೂರ್ಣ ಅವಿವಾಹಿತನೆಂದು ದೃಢೀಕರಿಸಿ.
ಶ್ರೀಮತಿ ಚಿಕ್ಕಬೋರಮ್ಮನವರಿಗೆ, ಮಾಹಿತಿಗಾಗಿ. ಹಸು ತಲುಪಿದ್ದು, ಹಾಲು ಕರೆಯಲಾಗಿದೆ.